ಸತ್ತ ಕುದುರೆಯ ಬಾಲಕ್ಕೂ ದುಡ್ಡು ಕೊಟ್ಟ ಊರು

(1/9)
ಮೊದಲು ಒಂದು ಪ್ರಶ್ನೆ. ನೀವು ಆನ್‌ಲೈನ್‌ನಲ್ಲಿ ಮೊಬೈಲ್ ಆರ್ಡರ್ ಮಾಡಿದ್ರಿ. ಅದು ದಾರಿಯಲ್ಲೇ ಒಡೆದು ಹೋಯ್ತು. ನಷ್ಟ ಯಾರದು? "ಮಾರಿದವನದು, ನಾನ್ಯಾಕೆ ಕೊಡ್ಲಿ" ಅಂತೀರಿ. ಸರಿ.

ಈಗ ನಮ್ಮ ಕಂಪ್ಲಿಯಿಂದ ಬಸ್ಸಿಗೆ ಹೋಗಿ ಬರೋ ದೂರದಲ್ಲಿರೋ ಹಂಪಿಗೆ ಬನ್ನಿ. ಸುಮಾರು 530 ವರ್ಷ ಹಿಂದಕ್ಕೆ. ಆಗಿನ ದೊರೆ ಸಾಳುವ ನರಸಿಂಹ. ಅವನಿಗೆ ಕುದುರೆ ಬೇಕು. ಕುದುರೆ ಬರೋದು ಅರಬ್ಬಿ ಸಮುದ್ರದ ಆಚೆಯಿಂದ. ಹಡಗಿನಲ್ಲಿ ಕುದುರೆ ಸತ್ತರೆ ವ್ಯಾಪಾರಿ ಅದರ ಬಾಲ ಕತ್ತರಿಸಿ ತಂದು ತೋರಿಸಿದ್ರೆ ಸಾಕು, ಜೀವಂತ ಕುದುರೆಗೆ ಕೊಡೋ ಅಷ್ಟೇ ದುಡ್ಡನ್ನು ದೊರೆ ಕೊಡ್ತಿದ್ದ!

ಹುಚ್ಚು ದೊರೆ ಅನ್ಸುತ್ತಾ? ನನಗೆ ಹಾಗೆ ಅನ್ಸಲ್ಲ. ಕಾಮರ್ಸ್ ಓದೋರ ಕಣ್ಣಲ್ಲಿ ನೋಡಿದ್ರೆ ಇದು ಪಕ್ಕಾ ಲೆಕ್ಕಾಚಾರ. ಈ ಸೀರೀಸ್ ಪೂರ್ತಿ ಅದೇ ಲೆಕ್ಕ. ಸ್ವಲ್ಪ ಉದ್ದ ಐತೆ, ಸೇವ್ ಮಾಡ್ಕೊಂಡು ನಿಧಾನಕ್ಕೆ ಓದ್ರಿ 🐎

(2/9) ಇದನ್ನ ಬರೆದವರು ಯಾರು?
ಬಾಲದ ವಿಷಯ ಬರೆದಿಟ್ಟವನು ಪೋರ್ಚುಗೀಸಿನ ಫೆರ್ನಾವ್ ನ್ಯೂನಿಜ್. ಹೈಸ್ಕೂಲ್ ಪುಸ್ತಕದಲ್ಲಿ "ವಿದೇಶಿ ಪ್ರವಾಸಿಗರು" ಅಂತ ಒಂದು ಸಾಲಿನಲ್ಲಿ ಬಂದು ಹೋಗ್ತಾನಲ್ಲ, ಅವನೇ. 1535ರ ಸುಮಾರಿಗೆ, ಅಚ್ಯುತರಾಯನ ಕಾಲದಲ್ಲಿ ವಿಜಯನಗರದಲ್ಲಿದ್ದ. ಅವನೇ ಕುದುರೆ ವ್ಯಾಪಾರಿ ಆಗಿದ್ದ ಅಂತ ಇತಿಹಾಸಕಾರರು ಹೇಳ್ತಾರೆ. ಅದಕ್ಕೇ ಅವನ ಬರವಣಿಗೆಯಲ್ಲಿ ಗುಡಿ ಗೋಪುರಕ್ಕಿಂತ ರೇಟು, ಬಾಕಿ, ಕಂತು ಜಾಸ್ತಿ ಕಾಣ್ತವೆ.

ನಮ್ಮಲ್ಲೇ ಕುದುರೆ ಇರಲಿಲ್ವಾ? ಇತ್ತು. ನಮ್ಮ ಕಂಪಿಲಿಯ ಕುಮಾರರಾಮನ ಕಥೆಯಲ್ಲೇ ಬೊಲ್ಲ ಅನ್ನೋ ಕುದುರೆ ಎಷ್ಟು ಫೇಮಸ್! ಆದ್ರೆ ನಮ್ಮ ನಾಡಕುದುರೆ ಆಕಾರದಲ್ಲಿ ಸಣ್ಣದು. ಕವಚ ತೊಟ್ಟ ಸೈನಿಕನನ್ನ ಹೊತ್ತು ಓಡೋಕೆ ಅರಬ್ಬಿ, ಪರ್ಶಿಯಾ ಕುದುರೆಗಳೇ ಬೇಕು. ಆ ತಳಿ ಈ ಬಿಸಿಲಲ್ಲಿ, ಈ ಮೇವಿನಲ್ಲಿ ಚೆನ್ನಾಗಿ ಬಾಳ್ತಿರಲಿಲ್ಲ, ಬೇಗ ಸಾಯ್ತಿತ್ತು. ಇಲ್ಲಿ ಅದಕ್ಕೆ ಹಾಕ್ತಿದ್ದ ಕಾಳು ನಮ್ಮ ಹುರುಳಿ. ಇಂಗ್ಲಿಷ್‌ನಲ್ಲಿ ಹುರುಳಿಗೆ ಹಾರ್ಸ್‌ಗ್ರಾಮ್ ಅನ್ನೋದು ಸುಮ್ನೆ ಅಲ್ಲ.

ಅಂದ್ರೆ ಕುದುರೆ ಒಂದು ಸಲ ಕೊಂಡು ಮುಗಿಸೋ ಖರ್ಚಲ್ಲ. ಪ್ರತಿ ವರ್ಷ ಹೊಸದಾಗಿ ಕೊಳ್ಳಲೇಬೇಕು. ನಮ್ಮ ಭಾಷೇಲಿ ಹೇಳೋದಾದ್ರೆ ಡಿಪ್ರಿಸಿಯೇಷನ್ ಭಯಂಕರ ಜಾಸ್ತಿ ಇರೋ ಅಸೆಟ್.

(3/9) ಮಾರೋನ ಕಷ್ಟ
ವ್ಯಾಪಾರಿಯ ಕಡೆಯಿಂದ ನೋಡ್ರಿ. ಹೊರ್ಮುಜ್‌ನಲ್ಲೋ ಏಡನ್‌ನಲ್ಲೋ ಕುದುರೆ ಕೊಳ್ತಾನೆ. ಅಲ್ಲೇ ಬಂಡವಾಳ ಪೂರ್ತಿ ಸಿಕ್ಕಿಹಾಕ್ಕೊಂತು. ಹಡಗು ಗಾಳಿ ನೋಡ್ಕೊಂಡೇ ಹೊರಡಬೇಕು. ಅಕ್ಕಿ ಮೂಟೆ ಆದ್ರೆ ಒಂದರ ಮೇಲೊಂದು ಪೇರಿಸಬಹುದು. ಕುದುರೆಗೆ ನಿಲ್ಲೋಕೆ ಜಾಗ ಬೇಕು, ಮೇವು ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಕುಡಿಯೋ ನೀರು ಬೇಕು. ಗೋವಾ, ಹೊನ್ನಾವರ, ಭಟ್ಕಳದಂಥ ಬಂದರಿನಲ್ಲಿ ಇಳಿಸಿ, ಸುಂಕ ಕಟ್ಟಿ, ಘಟ್ಟ ಹತ್ತಿಸಿ, ತಿಂಗಳುಗಟ್ಟಲೆ ಸಾಕಿಕೊಂಡು ಹಂಪಿಗೆ ತರಬೇಕು.

ಹೊಳೆ ಅಡ್ಡ ಬಂದ್ರೆ? ಡೊಮಿಂಗೊ ಪಾಯಸ್ 1520ರ ಹೊತ್ತಿಗೆ ಆನೆಗೊಂದಿ ಹತ್ತಿರ ಬುಟ್ಟಿ ಥರ ದುಂಡಗಿರೋ ದೋಣಿ ನೋಡಿದ್ದ. ಹದಿನೈದು ಇಪ್ಪತ್ತು ಜನ ಕೂರಬಹುದು, ಬೇಕಾದ್ರೆ ಕುದುರೆ, ಎತ್ತುಗಳನ್ನೂ ದಾಟಿಸಬಹುದು, ಆದ್ರೆ ಅವು ಹೆಚ್ಚಾಗಿ ಈಜಿಕೊಂಡೇ ದಾಟ್ತವೆ ಅಂತ ಬರೀತಾನೆ. ನಮ್ಮ ಹರಿಗೋಲು! ತುಂಗಭದ್ರೆ ದಂಡೆಯ ನಮಗೆ ಆ ಚಿತ್ರ ಬಿಡಿಸಿ ಹೇಳೋದೇ ಬೇಡ.

ಇಷ್ಟೆಲ್ಲ ಖರ್ಚು ಮಾಡಿ ತಂದ ಮಾಲು ದಾರಿಯಲ್ಲಿ ಯಾವ ಹೊತ್ತಿನಲ್ಲಾದ್ರೂ ಸಾಯಬಹುದು. ಮೆಣಸು, ರೇಷ್ಮೆ ಮಾರೋನಿಗೆ ಈ ಭಯ ಇಲ್ಲ.

(4/9) ರೇಟು ಎಷ್ಟು?
ನ್ಯೂನಿಜ್ ಪ್ರಕಾರ ಸಾಳುವ ನರಸಿಂಹ ಕೊಡ್ತಿದ್ದದ್ದು ಮೂರು ಕುದುರೆಗೆ 1000 ಪರ್ದಾವ್. ಪರ್ದಾವ್ ಅಂದ್ರೆ ಪೋರ್ಚುಗೀಸರು ನಮ್ಮ ಚಿನ್ನದ ವರಹಕ್ಕೆ ಇಟ್ಟ ಹೆಸರು. ಒಂದು ಕುದುರೆಗೆ ಸುಮಾರು 333 ವರಹ. ಒಂದು ವರಹದ ತೂಕ ಸುಮಾರು 3.4 ಗ್ರಾಂ. ಗುಣಿಸಿ ನೋಡ್ರಿ... 1100 ಗ್ರಾಂ ದಾಟ್ತು. ಒಂದು ಕುದುರೆಗೆ ಒಂದು ಕೆಜಿಗಿಂತ ಹೆಚ್ಚು ಚಿನ್ನ! ಇವತ್ತಿನ ಚಿನ್ನದ ರೇಟು ಹಾಕೋ ಕೆಲಸ ನಿಮಗೇ ಬಿಟ್ಟೆ 😅

ಈಗ ಬಾಲದ ಲೆಕ್ಕ. ಅರ್ಥ ಆಗಲಿ ಅಂತ ಒಂದು ಉದಾಹರಣೆ ಮಾಡ್ಕೊಳ್ಳೋಣ. ವ್ಯಾಪಾರಿ 100 ಕುದುರೆ ಹೇರಿದ, ದಾರಿಯಲ್ಲಿ 20 ಸತ್ತವು.
▪️ ಬಾಲದ ನಿಯಮ ಇಲ್ಲ ಅಂದ್ರೆ: 80 × 333 = 26,640
▪️ ಬಾಲಕ್ಕೂ ದುಡ್ಡು ಅಂದ್ರೆ: 100 × 333 = 33,300
ವ್ಯತ್ಯಾಸ 6,660 ವರಹ. ಈ ಹೊರೆ ವ್ಯಾಪಾರಿಯ ತಲೆಯಿಂದ ಇಳಿದು ದೊರೆಯ ಬೊಕ್ಕಸದ ಮೇಲೆ ಬಿತ್ತು. ಇದಕ್ಕೆ ನಾವು ಕ್ಲಾಸಲ್ಲಿ ಏನಂತೀವಿ? ಇನ್ಶೂರೆನ್ಸ್. ಪ್ರೀಮಿಯಂ ಇಲ್ಲದ ಇನ್ಶೂರೆನ್ಸ್. ಬಾಲ ಅಂದ್ರೆ ಕ್ಲೇಮ್ ಫಾರ್ಮ್ ಜೊತೆ ಲಗತ್ತಿಸೋ ಪ್ರೂಫ್.

(5/9) ದೊರೆಗೆ ಏನು ಲಾಭ?
ಹಡಗಿನವನಿಗೆ ದಾರಿ ಎರಡು. ಮಾಲನ್ನ ವಿಜಯನಗರಕ್ಕೂ ಮಾರಬಹುದು, ಬಹಮನಿ ಸುಲ್ತಾನರಿಗೂ ಮಾರಬಹುದು. ಇಬ್ಬರಿಗೂ ಕುದುರೆ ಬೇಕು, ಇಬ್ಬರ ಕೈಯಲ್ಲೂ ದುಡ್ಡು ಐತೆ. ಯಾರು ನಷ್ಟ ಹೊರ್ತಾರೋ ಅವರ ಕಡೆಗೇ ಹಡಗು ತಿರುಗುತ್ತೆ. ಬಾಲಕ್ಕೆ ಕೊಟ್ಟ ದುಡ್ಡು ಸತ್ತ ಕುದುರೆಗೆ ಕೊಟ್ಟದ್ದಲ್ಲ ಫ್ರೆಂಡ್ಸ್, ಮುಂದಿನ ವರ್ಷ ಬರೋ ಹಡಗಿಗೆ ಕೊಟ್ಟದ್ದು.

ಕೃಷ್ಣದೇವರಾಯ ತೆಲುಗಿನಲ್ಲಿ ಬರೆದ ಆಮುಕ್ತಮಾಲ್ಯದದಲ್ಲೂ ಇದೇ ಬುದ್ಧಿಮಾತು ಬರುತ್ತೆ. ಆನೆ, ಒಳ್ಳೆ ಕುದುರೆ ತರೋ ದೂರದೇಶದ ವ್ಯಾಪಾರಿಗಳನ್ನ ದಿನಾ ಆಸ್ಥಾನಕ್ಕೆ ಕರೆದು ಗೌರವಿಸಬೇಕು, ಊರು ಮನೆ ಕೊಟ್ಟು, ಒಳ್ಳೆ ಲಾಭ ಸಿಗೋ ಹಾಗೆ ಮಾಡಿ ನಮ್ಮವರನ್ನಾಗಿ ಮಾಡ್ಕೋಬೇಕು, ಆಗ ಆ ಮಾಲು ಶತ್ರುವಿನ ಕೈಗೆ ಹೋಗಲ್ಲ ಅನ್ನೋದು ಅದರ ತಾತ್ಪರ್ಯ. ಕಸ್ಟಮರ್ ರಿಟೆನ್ಷನ್ ಅಲ್ಲ ಇದು, ಸಪ್ಲೈಯರ್ ರಿಟೆನ್ಷನ್!

ಮುಂದಿನ ಸಲ ಹಂಪಿಗೆ ಹೋದಾಗ ಮಹಾನವಮಿ ದಿಬ್ಬದ ಮುಂದೆ ಸೆಲ್ಫಿ ತೆಗೆದು ವಾಪಸ್ ಬರಬೇಡಿ. ಅದರ ಗೋಡೆಯ ಪಟ್ಟಿಗಳನ್ನ ನೋಡ್ರಿ. ಬೇರೆ ದೇಶದ ಉಡುಗೆ ತೊಟ್ಟವರು ಕುದುರೆ ಹಿಡ್ಕೊಂಡು ನಿಂತಿರೋ ಕೆತ್ತನೆ ಅಲ್ಲೈತೆ. ಆನೆ, ಸೈನಿಕ, ನರ್ತಕಿಯರ ಪಕ್ಕ ಈ ಸಪ್ಲೈಯರ್‌ಗಳಿಗೂ ಕಲ್ಲಲ್ಲಿ ಜಾಗ ಕೊಟ್ಟಿದ್ದಾರೆ ಅಂದ್ರೆ ಅವರ ಬೆಲೆ ಎಷ್ಟಿತ್ತು ಯೋಚಿಸಿ.

(6/9) ಕೊನೆಗೆ ಬಿಲ್ ಕಟ್ಟಿದ್ದು ಯಾರು?
ನನಗೆ ಈ ಇಡೀ ಕಥೆಯಲ್ಲಿ ಚುಚ್ಚೋ ಭಾಗ ಇದು. ನ್ಯೂನಿಜ್ ತನ್ನ ಕಾಲದ ಲೆಕ್ಕ ಕೊಡ್ತಾನೆ: ದೊರೆ ವರ್ಷಕ್ಕೆ 13,000 ಕುದುರೆ ಕೊಳ್ತಾನೆ, ಹೊರ್ಮುಜ್‌ನವು, ನಾಡಕುದುರೆ ಎರಡೂ ಸೇರಿ. ಒಳ್ಳೆಯವನ್ನ ತನ್ನ ಲಾಯಕ್ಕೆ ಇಟ್ಕೊಂಡು, ಉಳಿದ ನಾಡಕುದುರೆಗಳನ್ನ ಐದಕ್ಕೆ 1000 ಪರ್ದಾವ್‌ನಂತೆ ತನ್ನ ನಾಯಕರಿಗೇ ಮಾರ್ತಾನೆ. ಆ ದುಡ್ಡನ್ನ ಅವರು ಸೆಪ್ಟೆಂಬರ್ ಒಳಗೆ ಕಟ್ಟಬೇಕು. ಹೆಚ್ಚೂಕಡಿಮೆ ಮಹಾನವಮಿ ಹೊತ್ತು, ಎಲ್ಲ ನಾಯಕರೂ ರಾಜಧಾನಿಗೆ ಬರೋ ಸಮಯ. ಬಂದ ದುಡ್ಡಿನಲ್ಲಿ ದೊರೆ ಪೋರ್ಚುಗೀಸರ ಅರಬ್ಬಿ ಕುದುರೆಯ ಬಾಕಿ ತೀರಿಸ್ತಾನೆ. ಬೊಕ್ಕಸದಿಂದ ಒಂದು ಕಾಸೂ ಹೊರಗೆ ಹೋಗಲ್ಲ!

ಕ್ಯಾಶ್ ಫ್ಲೋ ಪ್ಲಾನಿಂಗ್‌ಗೆ ಹತ್ತಕ್ಕೆ ಹತ್ತು. ಆದ್ರೆ ನಾಯಕನಿಗೆ ದುಡ್ಡು ಎಲ್ಲಿಂದ ಬಂತು? ಅವನ ಸೀಮೆಯ ರೈತರಿಂದ. ಬೆಳೆದದ್ದರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಒಡೆಯನಿಗೆ ಹೋಗುತ್ತೆ, ಜನ ಬಹಳ ಕಷ್ಟ ಪಡ್ತಾರೆ ಅಂತ ಅದೇ ನ್ಯೂನಿಜ್ ಬರೀತಾನೆ. ಒಂಬತ್ತು ಪಾಲು ಅನ್ನೋದು ಅವನ ಅಂದಾಜು, ಸ್ವಲ್ಪ ಜಾಸ್ತಿಯೇ ಇರಬಹುದು. ಆದ್ರೆ ಹೊರೆ ಇಳಿದ ದಿಕ್ಕು ಮಾತ್ರ ಸ್ಪಷ್ಟ. ವ್ಯಾಪಾರಿಯಿಂದ ದೊರೆಗೆ, ದೊರೆಯಿಂದ ನಾಯಕನಿಗೆ, ನಾಯಕನಿಂದ ಹೊಲಕ್ಕೆ. ಸಮುದ್ರದ ನಡುವೆ ಸತ್ತ ಕುದುರೆಯ ನಷ್ಟ ಕೊನೆಗೆ ಬಂದು ಕೂತದ್ದು ಸಮುದ್ರವನ್ನೇ ನೋಡದ ರೈತನ ತಲೆ ಮೇಲೆ. ನಷ್ಟ ಮಾಯ ಆಗಲ್ಲ, ಕೈ ಬದಲಾಯಿಸುತ್ತೆ ಅಷ್ಟೆ.

(7/9) ಗೋವಾ ಅನ್ನೋ ಗೇಟು
1510ರಲ್ಲಿ ಅಲ್ಬುಕರ್ಕ್ ಗೋವಾ ಹಿಡಿದ. ಅವನ ಪ್ಲಾನ್ ಸಿಂಪಲ್: ಕುದುರೆ ಹಡಗುಗಳೆಲ್ಲ ಗೋವಾಕ್ಕೇ ಬರಬೇಕು. ಅಲ್ಲಿ ಒಂದು ಕುದುರೆಗೆ 40 ಪರ್ದಾವ್ ಸುಂಕ. ಕುದುರೆ ಸಾಕೋದಿಲ್ಲ, ಘಟ್ಟ ಹತ್ತಿಸೋದಿಲ್ಲ, ಬರೀ ಗೇಟ್ ಕಾಯೋದಕ್ಕೇ ಆದಾಯ. ಇತ್ತ ವಿಜಯನಗರ, ಅತ್ತ ಬಿಜಾಪುರ, ಇಬ್ಬರೂ ಅದೇ ಗೇಟಿನ ಮುಂದೆ ಕ್ಯೂ.

ಆಗ ನಡೆದ ಒಂದು ಘಟನೆ. ಕೃಷ್ಣದೇವರಾಯ ಗೋವಾದಲ್ಲಿ ಕುದುರೆ ಕೊಳ್ಳೋಕೆ ಸಿದಿ ಮರ್ಕಾರ್ ಅನ್ನೋನ ಕೈಗೆ 40,000 ಪರ್ದಾವ್ ಕೊಟ್ಟು ಕಳಿಸಿದ. ಅವನು ಫೋಂಡಾ ತನಕ ಹೋಗಿ, ದುಡ್ಡಿನ ಸಮೇತ ಬಿಜಾಪುರದ ಆದಿಲ್ ಶಾಹನ ಹತ್ತಿರ ಓಡಿಹೋದ. ದುಡ್ಡು, ಮನುಷ್ಯ ಎರಡನ್ನೂ ವಾಪಸ್ ಕೊಡಿ ಅಂತ ರಾಯ ಕೇಳಿದ. ಆದಿಲ್ ಶಾಹ ಕೊಡಲಿಲ್ಲ. 1520ರ ರಾಯಚೂರು ಯುದ್ಧಕ್ಕೆ ನ್ಯೂನಿಜ್ ಕೊಡೋ ಕಾರಣ ಇದೇ. ರಾಯಚೂರು ದೋಆಬ್‌ನ ಜಗಳ ಮೊದಲಿಂದಲೂ ಇತ್ತು, ನೆಪಕ್ಕೆ ಈ ದುಡ್ಡು ಸಿಕ್ತು ಅನ್ನಬಹುದು. ಆದ್ರೂ ಒಂದು ಪರ್ಚೇಸ್ ಅಡ್ವಾನ್ಸ್ ಎಷ್ಟು ಸಾವಿರ ಜನರ ಪ್ರಾಣದ ತನಕ ಹೋಯ್ತು ನೋಡ್ರಿ.

1547ರಲ್ಲಿ ಪೋರ್ಚುಗೀಸರ ಜೊತೆ ವಿಜಯನಗರ ಒಪ್ಪಂದವನ್ನೇ ಮಾಡ್ಕೊಂತು: ಗೋವಾಕ್ಕೆ ಬಂದ ಕುದುರೆ ನಮಗೇ, ಬಿಜಾಪುರಕ್ಕೆ ಕೊಡೋ ಹಾಗಿಲ್ಲ.

(8/9) 1567: ಸಾಲು ಉಲ್ಟಾ ಆಯ್ತು
1565ರ ತಾಳಿಕೋಟೆ ಯುದ್ಧ, ಹಂಪಿಯ ಲೂಟಿ ನಿಮಗೆಲ್ಲ ಗೊತ್ತು. ಅದಾದ ಮೇಲೆ ಸೀಸರ್ ಫ್ರೆಡರಿಕ್ ಅನ್ನೋ ವೆನಿಸ್‌ನ ವ್ಯಾಪಾರಿ ಗೋವಾದಿಂದ ಇಲ್ಲಿಗೆ ಬಂದ. ಅವನ ಜೊತೆಗಿದ್ದ ಇಬ್ಬರು ವ್ಯಾಪಾರಿಗಳ ಬಳಿ 300 ಅರಬ್ಬಿ ಕುದುರೆ ಇದ್ದವು. ಹಾಳುಬಿದ್ದ ಊರಿನಲ್ಲಿ ತಿರುಮಲರಾಯ ಮತ್ತೆ ಸೈನ್ಯ ಕಟ್ಟೋಕೆ ನೋಡ್ತಿದ್ದ. ಕುದುರೆ ತನ್ನಿ, ಯುದ್ಧದಲ್ಲಿ ಕಳೆದುಹೋದ ಅರಮನೆ ಮುದ್ರೆಯ ಕುದುರೆ ಇದ್ದರೂ ತನ್ನಿ, ಒಳ್ಳೆ ಬೆಲೆ ಕೊಡ್ತೀನಿ ಅಂತ ವ್ಯಾಪಾರಿಗಳಿಗೆ ಮಾತು ಕೊಟ್ಟ. ಅವರು ನಂಬಿ ತಂದರು. ಕುದುರೆ ಎಲ್ಲ ಕೈಗೆ ಬಂದ ಮೇಲೆ ಒಂದು ಕಾಸೂ ಕೊಡದೆ ವಾಪಸ್ ಕಳಿಸಿಬಿಟ್ಟ. ದುಃಖಕ್ಕೆ ಹುಚ್ಚು ಹಿಡಿದವರ ಹಾಗೆ ಅವರು ಹೊರಟುಹೋದರು ಅಂತ ಫ್ರೆಡರಿಕ್ ಬರೀತಾನೆ.

ಎರಡನ್ನೂ ಪಕ್ಕಪಕ್ಕ ಇಡಿ. ಸತ್ತ ಕುದುರೆಯ ಬಾಲಕ್ಕೂ ದುಡ್ಡು ಕೊಟ್ಟಿದ್ದು ಇದೇ ಊರು. ಜೀವಂತ ಕುದುರೆ ಇಟ್ಕೊಂಡು ಬರಿಗೈಲಿ ಕಳಿಸಿದ್ದೂ ಇದೇ ಊರು. ನಡುವೆ ನೂರು ವರ್ಷವೂ ಇಲ್ಲ. ತಿರುಮಲನ ಬೊಕ್ಕಸ ಖಾಲಿ ಆಗಿತ್ತು, ಒಪ್ಪೋಣ. ಆದ್ರೆ ಒಮ್ಮೆ ಹೀಗೆ ಕಳಿಸಿದ ಮೇಲೆ ಮುಂದಿನ ವರ್ಷದ ಹಡಗು ಯಾಕೆ ಬರುತ್ತೆ? ಗೋಪುರ ಬಿದ್ದರೆ ಮತ್ತೆ ಕಟ್ಟಬಹುದು. ಈ ನಂಬಿಕೆ ಕಟ್ಟೋದು ಅಷ್ಟು ಸುಲಭ ಅಲ್ಲ. ಇತ್ತ ಗೋವಾಕ್ಕೂ ಪೆಟ್ಟು ಬಿತ್ತು: ದೊಡ್ಡ ಗಿರಾಕಿಯೇ ಹೋದ ಮೇಲೆ ಕುದುರೆ ಸುಂಕದ ಆದಾಯ ಕುಸೀತು.

(9/9) ಇವತ್ತಿನ ಹರಾಜು
ಇವತ್ತು ರೇಸ್ ಓಡೋ ಥರೋಬ್ರೆಡ್ ಕುದುರೆಗಳ ಗಂಡುಸಂತತಿ ಹಿಂದಕ್ಕೆ ಹೋದ್ರೆ ಮೂರೇ ಕುದುರೆಗಳಿಗೆ ಮುಟ್ಟುತ್ತೆ. ಅದರಲ್ಲಿ ಒಂದು ಡಾರ್ಲಿ ಅರೇಬಿಯನ್, 1704ರಲ್ಲಿ ಅಲೆಪ್ಪೊ ಊರಿನಿಂದ ಇಂಗ್ಲೆಂಡಿಗೆ ಹೋದದ್ದು. ಹಂಪಿಗೆ ಬರ್ತಿದ್ದ ಅರಬ್ಬಿ ಕುದುರೆಗಳ ನೆಂಟ ಅಂದ್ಕೊಳ್ಳಿ. ನಮ್ಮ ರಾಜ್ಯದಲ್ಲೇ ಕುಣಿಗಲ್‌ನಲ್ಲಿ, ಟಿಪ್ಪು ಕಾಲದಲ್ಲಿ ಸೈನ್ಯಕ್ಕೆ ಕುದುರೆ ಸಾಕ್ತಿದ್ದ ಜಾಗದಲ್ಲಿ, ಆಮೇಲೆ ರೇಸಿನ ಥರೋಬ್ರೆಡ್ ಸಾಕೋಕೆ ಶುರು ಮಾಡಿದ್ರು.

ಈಗ ಇವು ಹೆಚ್ಚಾಗಿ ಹರಾಜಿನಲ್ಲಿ ಮಾರಾಟ ಆಗ್ತವೆ. ಸಾಕೋನ ಖರ್ಚು ನೋಡ್ರಿ: ಗಂಡುಕುದುರೆಯ ಫೀಸು, 11 ತಿಂಗಳ ಗಬ್ಬ, ಮರಿ ಹುಟ್ಟಿದ ಮೇಲೆ ವರ್ಷಕ್ಕೂ ಹೆಚ್ಚು ಸಾಕಣೆ, ಡಾಕ್ಟರ್, ಹರಾಜು ಕಂಪನಿಯ ಕಮಿಷನ್. ಆದಾಯ ಬರೋದು ಒಂದೇ ದಿನ, ಕೆಲವೇ ನಿಮಿಷದಲ್ಲಿ. ಸುತ್ತಿಗೆ ಬಿದ್ದ ಕ್ಷಣಕ್ಕೆ ನಷ್ಟದ ಹೊರೆ ಕೊಂಡವನ ಕಡೆ ದಾಟುತ್ತೆ. ನಮ್ಮ ಬಿಸಿನೆಸ್ ಲಾ ಪೇಪರ್‌ನ ಸರಕು ಮಾರಾಟ ಕಾಯ್ದೆ 1930 ನೆನಪೈತಾ? ಸೆಕ್ಷನ್ 26: ಬೇರೆ ಕರಾರು ಇಲ್ಲದಿದ್ರೆ ಮಾಲೀಕತ್ವ ಎಲ್ಲೋ ರಿಸ್ಕ್ ಅಲ್ಲೇ. ಸೆಕ್ಷನ್ 64: ಸುತ್ತಿಗೆ ಬಿದ್ದಾಗ ಹರಾಜಿನ ಮಾರಾಟ ಪೂರ್ತಿ.

2006ರಲ್ಲಿ ಅಮೆರಿಕದಲ್ಲಿ ದಿ ಗ್ರೀನ್ ಮಂಕಿ ಅನ್ನೋ ಕುದುರೆ ಹರಾಜಿನಲ್ಲಿ 1 ಕೋಟಿ 60 ಲಕ್ಷ ಡಾಲರ್‌ಗೆ ಹೋಯ್ತು. ಮೂರು ರೇಸ್ ಓಡ್ತು, ಒಂದೂ ಗೆಲ್ಲಲಿಲ್ಲ. ಮಾರಿದವನಿಗೆ ದುಡ್ಡು ಬಂತು, ನಷ್ಟ ಕೊಂಡವನಿಗೆ. ಇನ್ನೊಂದು ಕಡೆ, 1975ರಲ್ಲಿ 17,500 ಡಾಲರ್‌ಗೆ ಮಾರಾಟವಾದ ಸಿಯಾಟಲ್ ಸ್ಲೂ 1977ರಲ್ಲಿ ಅಮೆರಿಕದ ಟ್ರಿಪಲ್ ಕ್ರೌನ್ ಗೆಲ್ತು. ಅಲ್ಲಿ ಕೈ ಹಿಸುಕಿಕೊಂಡವನು ಮಾರಿದವನು. ಆದ್ರೂ ಮುಂದಿನ ವರ್ಷ ಹರಾಜಿಗೆ ಇಬ್ಬರೂ ಬರ್ತಾರೆ. ಯಾಕಂದ್ರೆ ನಷ್ಟ ಯಾವ ಕ್ಷಣದಿಂದ ಯಾರದು ಅನ್ನೋದು ಮೊದಲೇ ಬರೆದಿಟ್ಟಿರುತ್ತೆ, ಆ ಮಾತು ನಡೆಯುತ್ತೆ. ಸಾಳುವ ನರಸಿಂಹನ ಬಾಲದ ನಿಯಮ ಮಾಡಿದ್ದೂ ಇದೇ ಕೆಲಸ. 1567ರಲ್ಲಿ ಮುರಿದದ್ದೂ ಇದೇ.

ಹಾಗಾಗಿ ಯಾವುದೇ ವ್ಯಾಪಾರ ನೋಡಿದ್ರೂ, ನಮ್ಮ ಎಪಿಎಂಸಿಯಲ್ಲಿ ಭತ್ತ ಮಾರೋದಾದ್ರೂ ಸರಿ, ರೇಟು ಎಷ್ಟು ಅಂತ ಕೇಳಿದ ಮೇಲೆ ಇನ್ನೊಂದು ಪ್ರಶ್ನೆ ಕೇಳ್ರಿ: ಮಾಲು ಕೆಟ್ಟರೆ ನಷ್ಟ ಯಾರದು? ಉತ್ತರ ಸಿಕ್ಕಿದ ಮೇಲೂ ನಿಲ್ಲಬೇಡಿ, ಅವನು ಅದನ್ನ ಯಾರ ಮೇಲೆ ದಾಟಿಸ್ತಾನೆ ಅಂತ ನೋಡ್ರಿ.

ನಿಮ್ಮ ಮನೆಯವರು ಭತ್ತ, ಬಾಳೆ, ಕಬ್ಬು, ಏನಾದ್ರೂ ಮಾರೋರಾದ್ರೆ ಕಾಮೆಂಟ್‌ನಲ್ಲಿ ಹೇಳಿ: ದಾರಿಯಲ್ಲಿ ಹಾಳಾದದ್ದರ ಲೆಕ್ಕ ಯಾರ ಖಾತೆಗೆ ಬರುತ್ತೆ? 👇

#ಕಂಪ್ಲಿ #ಹಂಪಿ #ವಿಜಯನಗರ #ಕುದುರೆವ್ಯಾಪಾರ #ಬಿಕಾಂಹುಡುಗರಇತಿಹಾಸ