ಪುರುಸೊತ್ತು ಮಾಡ್ಕೊಂಡು ಬನ್ನಿ

ಹೈದರಾಬಾದಿನ ಕಾಚಿಗುಡದಲ್ಲಿರುವ ನಮ್ಮಕ್ಕ ಫೋನ್ ಇಡುವ ಮುಂಚೆ ಹೇಳುವ ಮಾತು ವರ್ಷಗಳಿಂದ ಒಂದೇ: “ಪುರುಸೊತ್ತು ಮಾಡ್ಕೊಂಡು ಒಂದ್ಸಲ ಬಾರೋ.” ನನ್ನ ಉತ್ತರವೂ ಒಂದೇ: “ಪುರುಸೊತ್ತೆಲ್ಲಿದೆ ಅಕ್ಕಾ?”

ಕನ್ನಡದಲ್ಲಿ ಈ ಪದದ ಬಾಳೇ ಹೀಗೆ. ಬೆನ್ನಿಗೊಂದು ‘ಇಲ್ಲ’ ಕಟ್ಟಿಕೊಳ್ಳದೆ ಮನೆಯಿಂದ ಹೊರಗೆ ಕಾಲಿಡುವುದಿಲ್ಲ. ಉಸಿರಾಡೋಕೂ ಪುರುಸೊತ್ತಿಲ್ಲ, ತಲೆ ಕೆರ್ಕೊಳ್ಳೋಕೂ ಪುರುಸೊತ್ತಿಲ್ಲ, ಕೊನೆಗೆ ಸಾಯೋಕೂ ಪುರುಸೊತ್ತಿಲ್ಲ. ಮಳೆ ಕೂಡ ಪುರುಸೊತ್ತು ಕೊಡದೆ ಸುರಿಯುತ್ತದೆ. “ನನಗೆ ಬೇಕಾದಷ್ಟು ಪುರುಸೊತ್ತಿದೆ” ಎಂದು ಯಾರಾದರೂ ಬಾಯಿಬಿಟ್ಟು ಹೇಳಿದ್ದನ್ನು ಕೇಳಿದ್ದೀರಾ? ಹೇಳಿದರೆ ಮರ್ಯಾದೆ ಉಳಿಯುವುದಿಲ್ಲ. “ಪುರುಸೊತ್ತಾಗಿದ್ದೀಯಾ?” ಎಂದು ಯಾರಾದರೂ ಕೇಳಿದರಂತೂ ಹುಷಾರಾಗಬೇಕು, ಹಿಂದೆಯೇ ಒಂದು ಕೆಲಸ ಬರುತ್ತಿರುತ್ತದೆ.

ಪದ ನಮ್ಮದಲ್ಲ. ಹುಟ್ಟು ಅರಬ್ಬಿ. ಅಲ್ಲಿ ಅದು ಬಿಡುವಲ್ಲ, ಅವಕಾಶ. ಹೊಸಬರ ಪರಿಚಯವಾದಾಗ ಅರಬರು ‘ಫುರ್ಸಾ ಸಈದಾ’ ಅನ್ನುವುದನ್ನು ದುಬೈ ಕನ್ನಡಿಗರು ಕೇಳಿರುತ್ತಾರೆ, ನಿಮ್ಮನ್ನು ಕಂಡದ್ದು ನನ್ನ ಭಾಗ್ಯ ಎಂಬ ಹಾಗೆ. ಹಳೆಯ ಅರಬ್ಬಿಯಲ್ಲಿ ಇದಕ್ಕೆ ಇನ್ನೂ ಸೊಗಸಾದ ಒಂದು ಅರ್ಥವಿದೆ: ಹಂಚಿಕೊಂಡ ನೀರಿನಲ್ಲಿ ಒಬ್ಬೊಬ್ಬರಿಗೆ ಬರುವ ಸರದಿ. ಬೀದಿ ನಲ್ಲಿಯ ಮುಂದೆ ಕೊಡ ಸಾಲಿಗಿಟ್ಟು ಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸರದಿ ಬಂದಾಗ ಹಿಡಿದುಕೊಂಡರೆ ಉಂಟು, ತಪ್ಪಿದರೆ ಹೋಯಿತು.

ಪಾರಸಿ, ಉರ್ದು ದಾಟಿ ದಖನ್ನಿಗೆ ಬರುವಷ್ಟರಲ್ಲಿ ಆ ಸರದಿ ಬಿಡುವಾಗಿತ್ತು. ತಾಕತ್ತು, ಕಸರತ್ತು, ಮಸಲತ್ತು, ಕರಾಮತ್ತು ಎಲ್ಲ ಇದೇ ದಾರಿಯಲ್ಲಿ ಬಂದು ಕೊನೆಗೊಂದು ಉಕಾರ ಹಚ್ಚಿಕೊಂಡು ಕನ್ನಡದ ಮನೆ ಹೊಕ್ಕವು. ನಮ್ಮ ಭಾವ ಕಲಬುರಗಿಯವರು, ಅವರ ಬಾಯಲ್ಲಿ ಇದು ಇನ್ನೂ ‘ಪುರಸತ್ತ’. ನಮ್ಮ ಮೈಸೂರು ಕಡೆಯಲ್ಲಿ ಯಾರೋ ‘ಸತ್ತು’ ತೆಗೆದು ‘ಸೊತ್ತು’ ಮಾಡಿದರು. ವ್ಯುತ್ಪತ್ತಿಯ ಲೆಕ್ಕಕ್ಕೆ ಆ ಸೊತ್ತಿಗೂ ಆಸ್ತಿಗೂ ಸಂಬಂಧವಿಲ್ಲ, ನಾಲಗೆಯ ಜಾರಾಟ ಅಷ್ಟೆ. ಆದರೆ ಒಳ್ಳೆಯ ಜಾರಾಟ. ಧಾರವಾಡದವರು ‘ಸವಡ ಇಲ್ಲ’ ಎಂದು ಮರಾಠಿಯ ಕಡೆಯಿಂದ ಬಂದ ಪದ ಇಟ್ಟುಕೊಂಡಿದ್ದಾರೆ. ನೋಡಿ, ಅದರ ಬೆನ್ನಿಗೂ ‘ಇಲ್ಲ’.

ಕಡೆಗೂ ಕಳೆದ ಚಳಿಗಾಲ ಪುರುಸೊತ್ತು ಮಾಡಿಕೊಂಡೆ. ಯಶವಂತಪುರದಿಂದ ಕಾಚಿಗುಡಕ್ಕೆ 2023ರ ಸೆಪ್ಟೆಂಬರಿನಿಂದ ವಂದೇ ಭಾರತ್ ಓಡುತ್ತಿದೆ, ಎಂಟೂವರೆ ಗಂಟೆಯ ಆಸುಪಾಸಿನ ದಾರಿ. ಬಿಡುವಿಗೆಂದು ಹೊರಟವನಿಗೆ ಅವಸರ ಯಾಕೆ ಎಂದುಕೊಂಡು ಮೈಸೂರಿನ ರಾತ್ರಿ ಗಾಡಿ ಹಿಡಿದೆ. ಅವಸರ ಮಾತ್ರ ಜೇಬಿನಲ್ಲಿತ್ತು. ಮೂರು ದಿನಕ್ಕೆ ಚಾರ್‌ಮಿನಾರ್, ಚೌಮೊಹಲ್ಲಾ ಅರಮನೆ, ಸಾಲಾರ್ ಜಂಗ್ ಮ್ಯೂಸಿಯಂ, ಗೋಲ್ಕೊಂಡ, ಹುಸೇನ್ ಸಾಗರ, ಬಿರ್ಲಾ ಮಂದಿರ, ರಾಮೋಜಿ ಫಿಲ್ಮ್ ಸಿಟಿ. ಪ್ರತಿಯೊಂದರ ಮುಂದೆ ಗಂಟೆ ಬರೆದ ಚೀಟಿ. ಭಾವ ಕನ್ನಡಕ ಏರಿಸಿಕೊಂಡು ಓದಿದರು.

“ಇದು ಪ್ರವಾಸ ಅದನೋ, ಇನ್‌ಸ್ಪೆಕ್ಷನ್ ಅದನೋ?”

ಆಮೇಲೆ ಮೆತ್ತಗೆ ಹೇಳಿದರು, ಇವತ್ತು ಶುಕ್ರವಾರ, ಚೌಮೊಹಲ್ಲಾಕ್ಕೂ ಸಾಲಾರ್ ಜಂಗ್‌ಗೂ ರಜೆ. ಹೈದರಾಬಾದಿಗೆ ಹೊರಡುವವರು ಚೀಟಿಯಲ್ಲಿ ಮೊದಲು ಬರೆದುಕೊಳ್ಳಬೇಕಾದದ್ದು ಇದು. ಇನ್ನೊಂದು, ರಾಮೋಜಿಗೆ ಇಡೀ ಒಂದು ದಿನ ಕೊಡಿ, ಇಲ್ಲ ಬಿಟ್ಟೇಬಿಡಿ. ನಾನು ಬಿಟ್ಟೆ, ಈವರೆಗೆ ಪಶ್ಚಾತ್ತಾಪವಿಲ್ಲ.

ಹೀಗಾಗಿ ಶುಕ್ರವಾರ ಬೆಳಿಗ್ಗೆ ಕೈಯಲ್ಲಿ ಮಾಡಲು ಏನೂ ಇಲ್ಲದೆ ಚಾರ್‌ಮಿನಾರಿನ ಹತ್ತಿರ ಇರಾನಿ ಹೋಟೆಲೊಂದರಲ್ಲಿ ಕೂತೆವು. ಇರಾನಿ ಚಹಾದ ಡಿಕಾಕ್ಷನ್ನು ಒಂದು ಪಾತ್ರೆಯಲ್ಲಿ ಕುದಿಯುತ್ತಿರುತ್ತದೆ, ಹಾಲು ಇನ್ನೊಂದರಲ್ಲಿ ಬತ್ತಿ ಗಟ್ಟಿಯಾಗುತ್ತಿರುತ್ತದೆ, ಎರಡೂ ಸೇರುವುದು ಕಪ್ಪಿನಲ್ಲೇ. ಜತೆಗೆ ಉಸ್ಮಾನಿಯಾ ಬಿಸ್ಕತ್ತು, ಸಿಹಿಯೊಳಗೆ ಸಣ್ಣಗೆ ಉಪ್ಪು. ಹುಷಾರಾಗಿ ಅದ್ದಬೇಕು, ಎರಡು ಕ್ಷಣ ಹೆಚ್ಚಾದರೆ ತಳ ಸೇರುತ್ತದೆ. ನನ್ನದು ಸೇರಿತು. ನಮ್ಮ ಬೆಂಗಳೂರಿನ ಬೈಟೂ ಕಾಫಿಯನ್ನು ನಿಂತುಕೊಂಡೇ ಮುಗಿಸಿ ಲೋಟ ಇಟ್ಟು ನಡೆಯುವವನಿಗೆ ಇಲ್ಲಿಯ ಮೇಜುಗಳ ಗತಿ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಪಕ್ಕದ ಮೇಜಿನ ಇಬ್ಬರು ಮುದುಕರು ನಾವು ಬರುವ ಮುಂಚೆಯೇ ಖಾಲಿಯಾಗಿದ್ದ ಕಪ್ಪುಗಳ ಮುಂದೆ, ನಾವು ಏಳುವಾಗಲೂ ಕೂತೇ ಇದ್ದರು. ಅವರಲ್ಲೊಬ್ಬರು ‘ಪರ್ಸೋಂ’ ಎಂದು ಶುರುಮಾಡಿ ಏನೋ ಕಥೆ ಹೇಳುತ್ತಿದ್ದರು. ಉರ್ದುವಿನಲ್ಲಿ ಪರ್ಸೋಂ ಅಂದರೆ ಮೊನ್ನೆ. ಹೈದರಾಬಾದಿನಲ್ಲಿ ಅದು ಮೊನ್ನೆಯೂ ಆಗಬಹುದು, ಹತ್ತು ವರ್ಷದ ಹಿಂದೆಯೂ ಆಗಬಹುದು.

ಹೊರಗೆ ಆಟೋ ಹತ್ತಿದಾಗ ಭಾವ ಡ್ರೈವರಿಗೆ “ಹಲ್ಲೂ ಹಲ್ಲೂ” ಅಂದರು. ನಾನು ಬಾಯಿ ಮುಟ್ಟಿಕೊಂಡೆ, ಬಿಸ್ಕತ್ತಿನ ಚೂರೇನಾದರೂ ಅಂಟಿದೆಯೇ ಎಂದು. ದಖನಿಯಲ್ಲಿ ಹಲ್ಲೂ ಅಂದರೆ ನಿಧಾನ.

ಶನಿವಾರ ಸಾಲಾರ್ ಜಂಗ್. ಮುಸುಕಿನ ರೆಬೆಕಾಳ ಶಿಲ್ಪದ ಮುಂದೆ ಎಲ್ಲರೂ ನಿಲ್ಲುತ್ತಾರೆ, ನಾನೂ ನಿಂತೆ. ಇಟಲಿಯ ಬೆಂಜೋನಿ ಕಲ್ಲಿನಲ್ಲೇ ತೆಳುಬಟ್ಟೆ ಹೊದಿಸಿದ್ದಾನೆ. ನನ್ನನ್ನು ಹಿಡಿದು ಕೂರಿಸಿದ್ದು ಮಾತ್ರ ಗಡಿಯಾರ. ಕಲ್ಕತ್ತದ ಕುಕ್ ಅಂಡ್ ಕೆಲ್ವಿ ಕಂಪನಿಯದು. ಗಂಟೆಗೊಮ್ಮೆ ಪುಟ್ಟ ಬಾಗಿಲಿಂದ ಗಡ್ಡದ ಗೊಂಬೆಯೊಂದು ಹೊರಬಂದು, ಎಷ್ಟು ಗಂಟೆಯೋ ಅಷ್ಟು ಸಲ ಹೊಡೆದು ಒಳಗೆ ಹೋಗುತ್ತದೆ. ಹನ್ನೆರಡಕ್ಕೆ ಹೋದರೆ ಹನ್ನೆರಡು ಏಟು ಸಿಗುತ್ತದೆ, ದುಡ್ಡಿಗೆ ಮೋಸವಿಲ್ಲ. ಹನ್ನೊಂದೂ ಮುಕ್ಕಾಲಿಗೇ ಜನ ಬಂದು ಕೂತಿದ್ದರು, ಶಾಲೆಯ ಮಕ್ಕಳು, ಮದುವೆಯ ಹೊಸ ಬಳೆಯ ಹುಡುಗಿ, ಚಪ್ಪಲಿ ಬಿಟ್ಟು ಕಾಲು ಮಡಚಿದ ಹಳ್ಳಿಯ ಅಜ್ಜಿ. ಆ ಗಡಿಯಾರದಲ್ಲೇ ಒಬ್ಬ ಕಮ್ಮಾರನೂ ಇದ್ದಾನೆ. ಸೆಕೆಂಡಿಗೊಂದರಂತೆ ಸುತ್ತಿಗೆ ಬಡಿಯುತ್ತಲೇ ಇರುತ್ತಾನೆ, ಅವನಿಗೆ ಹಗಲಿಲ್ಲ ರಾತ್ರಿಯಿಲ್ಲ. ಅಷ್ಟು ಜನರಲ್ಲಿ ಪುರುಸೊತ್ತಿಲ್ಲದವನು ಅವನೊಬ್ಬನೇ. ನನ್ನ ಕಚೇರಿಯ ನೆನಪಾಗಿ ಮುಖ ತಿರುಗಿಸಿದೆ.

ಪಕ್ಕದಲ್ಲಿ ಅಕ್ಕನ ಮನೆಯ ಎದುರಿನ ತೆಲುಗು ಆಂಟಿ ಇದ್ದರು. ನಲವತ್ತು ವರ್ಷ ಇದೇ ಊರಲ್ಲಿದ್ದೂ ಈ ಗಡಿಯಾರ ನೋಡಿರಲಿಲ್ಲವಂತೆ. “ತೀರಿಕ ಲೇದು” ಅಂದರು. ತೆಲುಗಿನ ತೀರಿಕ ‘ತೀರು’ವಿನಿಂದ ಬಂದದ್ದು, ಕೆಲಸ ತೀರಿದ ಮೇಲೆ ಸಿಗುವ ಬಿಡುವು. ಮನೆಗೆಲಸ ಯಾವತ್ತು ತೀರಿದೆ? ನಮ್ಮ ಬಿಡುವು ವಾಸಿ, ಕೆಲಸ ತೀರಲಿ ಬಿಡಲಿ, ಕೈ ಬಿಟ್ಟರಾಯಿತು. ಪುರುಸೊತ್ತು ಇನ್ನೂ ವಾಸಿ, ಅದನ್ನು ಅಡುಗೆಯ ಹಾಗೆ ನಾವೇ ಮಾಡಿಕೊಳ್ಳಬೇಕು.

ಭಾನುವಾರ ಗೋಲ್ಕೊಂಡ. ಕೆಳಗೆ ಹೆಬ್ಬಾಗಿಲಿನ ಗುಮ್ಮಟದಡಿ ಚಪ್ಪಾಳೆ ತಟ್ಟಿದರೆ ಮೇಲೆ ಕೋಟೆಯ ತುದಿಯ ಬಾಲಾ ಹಿಸ್ಸಾರಿನಲ್ಲಿ ಕೇಳುತ್ತದೆ, ಸುಮಾರು ಒಂದು ಕಿಲೋಮೀಟರ್ ದೂರ ಎನ್ನುತ್ತಾರೆ. ಕುತುಬ್ ಶಾಹಿಗಳ ಕಾಲದಲ್ಲಿ ಅದು ಕಾವಲಿನವರಿಗೆ ಮುನ್ಸೂಚನೆ. ಬಂದವರೆಲ್ಲ ಕೆಳಗೆ ಪಟಪಟ ತಟ್ಟುತ್ತಾರೆ, ನಕ್ಕು ಮುಂದೆ ನಡೆಯುತ್ತಾರೆ. ಮೇಲೆ ನಿಂತು ಕೇಳುವವರು ಯಾರೂ ಇರುವುದಿಲ್ಲ.

ಮಂಡಿನೋವಿನ ಭಾವ ಗುಮ್ಮಟದ ಕೆಳಗೇ ಉಳಿದರು. “ನೀ ಹತ್ತು. ಮುಟ್ಟಿದ ಮ್ಯಾಲ ಫೋನ್ ಮಾಡು, ಚಪ್ಪಾಳಿ ಹೊಡೀತೀನಿ.”

ಮುನ್ನೂರೈವತ್ತಕ್ಕೂ ಮಿಕ್ಕಿದ ಮೆಟ್ಟಿಲು. ನಡುವೆ ಎರಡು ಕಡೆ ಕೂತೆ, ಒಂದು ಕಡೆ ಗಾಳಿಗೆ, ಇನ್ನೊಂದು ಕಡೆ ಸುಮ್ಮನೆ. ತುದಿ ಮುಟ್ಟುವಾಗ ಮುಕ್ಕಾಲು ಗಂಟೆಯಾಗಿತ್ತು. ಫೋನ್ ಮಾಡಿದೆ. ಕೆಳಗಿನಿಂದ ಚಪ್ಪಾಳೆಯೇನೋ ಬಂತು, ಒಂದಲ್ಲ, ಹತ್ತಾರು, ಭಾನುವಾರದ ಜನವೆಲ್ಲ ತಟ್ಟುತ್ತಿತ್ತು. ಅದರಲ್ಲಿ ಭಾವನದು ಯಾವುದು ಎಂದು ಹೇಗೆ ಹೇಳಲಿ?

“ಕೇಳಿಸ್ತೇನು?” ಫೋನಿನಲ್ಲಿ ಕೇಳಿದರು.

“ಗೊತ್ತಾಗ್ಲಿಲ್ಲ ಭಾವ. ಹೋಗ್ಲಿ ಬಿಡಿ, ಬಿಸಿಲಲ್ಲಿ ಯಾಕೆ...”

“ಇರ್ಲಿ, ಇವರೆಲ್ಲ ಹೋಗ್ಲಿ, ಮತ್ತ ಹೊಡೀತೀನಿ. ನೀ ಅಲ್ಲೇ ಕೂಡು. ನನಗೇನು, ಪುರಸತ್ತ ಅದ.”