ಕರೆಂಟು ಹೋದಾಗ ಅಶಕ್ತರ ಮನೆ: ಬದಲಿ ವಿದ್ಯುತ್ತಿನ ಲೆಕ್ಕ

ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ತಾಲ್ಲೂಕುಗಳಿಗೆ ವಿದ್ಯುತ್ ವಿತರಿಸುವುದು 2002ರಲ್ಲಿ ಸ್ಥಾಪನೆಯಾದ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ (ಹೆಸ್ಕಾಂ). ಕರೆಂಟು ಹೋದರೆ ಬಹುತೇಕ ಮನೆಗಳಿಗೆ ಅದೊಂದು ಕಿರಿಕಿರಿ, ಅಷ್ಟೇ. ಆಕ್ಸಿಜನ್ ಕಾನ್ಸಂಟ್ರೇಟರ್ ನೆರವಿನಿಂದ ಉಸಿರಾಡುವವರು, ಹಾಸಿಗೆ ಹಿಡಿದ ವೃದ್ಧರು, ಇನ್ಸುಲಿನ್ ಅವಲಂಬಿಸಿದವರು ಇರುವ ಮನೆಗಳಿಗೆ ಮಾತ್ರ ಅದು ಗಂಟೆ ಎಣಿಸುವ ಸಂಕಟ.

ಊರೊಳಗಿನ ಮನೆಗೂ ತೋಟದ ಮನೆಗೂ ಈ ವಿಷಯದಲ್ಲಿ ಅಂತರವುಂಟು. ನಿರಂತರ ಜ್ಯೋತಿ ಯೋಜನೆಯು ಹಳ್ಳಿಯ ಮನೆಗಳ ಫೀಡರನ್ನು ಪಂಪ್‌ಸೆಟ್ ಫೀಡರಿನಿಂದ ಬೇರ್ಪಡಿಸಿತು. ಹೊಲದಲ್ಲಿಯೇ ಮನೆ ಕಟ್ಟಿಕೊಂಡ ಅನೇಕರು ಪಂಪ್‌ಸೆಟ್ ಮಾರ್ಗದಲ್ಲಿಯೇ ಉಳಿದರು. ಗ್ರಾಹಕರ ಹಕ್ಕುಗಳ ಕುರಿತ ಕೇಂದ್ರದ 2020ರ ನಿಯಮಗಳು ಎಲ್ಲರಿಗೂ ದಿನದ 24 ಗಂಟೆ ವಿದ್ಯುತ್ ನೀಡಬೇಕೆನ್ನುತ್ತವೆಯಾದರೂ, ಕೃಷಿಯಂತಹ ವರ್ಗಗಳಿಗೆ ಕಡಿಮೆ ಅವಧಿ ನಿಗದಿಪಡಿಸಲು ಆಯೋಗಕ್ಕೆ ಅವಕಾಶ ನೀಡಿವೆ.

ದುರಸ್ತಿಯ ಗಡುವನ್ನೂ ಗಮನಿಸಬೇಕು. ರಾಜ್ಯ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ 2004ರ ನಿಯಮಾವಳಿಯು ಸುಟ್ಟ ಟ್ರಾನ್ಸ್‌ಫಾರ್ಮರ್ ಬದಲಿಸಲು ಪಟ್ಟಣಗಳಲ್ಲಿ 24 ಗಂಟೆ, ಗ್ರಾಮಗಳಲ್ಲಿ 72 ಗಂಟೆ ನೀಡಿತ್ತು. ಹಳ್ಳಿಯ ರೋಗಿಯ ಮನೆಯವರು ಸಿದ್ಧತೆ ನಡೆಸಬೇಕಾದುದು ಮೂರು ದಿನದ ಅಳತೆಯಲ್ಲಿ ಎಂಬುದು ಇದರಿಂದ ತಿಳಿಯುತ್ತದೆ.

ಬ್ಯಾಟರಿಯ ಮಿತಿ

12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 1,800 ವ್ಯಾಟ್-ಗಂಟೆ ಶಕ್ತಿ ಇರುತ್ತದೆ. ಇನ್ವರ್ಟರಿನ ನಷ್ಟ ಕಳೆದು, ಬ್ಯಾಟರಿ ಪೂರ್ತಿ ಬರಿದಾಗದಂತೆ ಬಳಸಿದರೆ ಸುಮಾರು 1,200 ದಕ್ಕುತ್ತದೆ. 9 ವ್ಯಾಟಿನ ಎಲ್ಇಡಿ ದೀಪ, 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನಿಗೆ ಇದು ಇಡೀ ರಾತ್ರಿ ಸಾಲುತ್ತದೆ. 350 ವ್ಯಾಟಿನ ಕಾನ್ಸಂಟ್ರೇಟರಿಗಾದರೆ ಮೂರೂವರೆ ಗಂಟೆಗಿಂತ ಹೆಚ್ಚು ಬಾರದು. ಟಿ.ವಿ.ಯನ್ನೂ ಅದೇ ಇನ್ವರ್ಟರಿಗೆ ಜೋಡಿಸಿದ ಮನೆಗಳಿವೆ. ಅದು ರೋಗಿಯ ಉಸಿರಿನ ಪಾಲನ್ನು ಕಸಿದುಕೊಂಡಂತೆ.

ಆದ್ದರಿಂದ ಆಮ್ಲಜನಕ ಬೇಕಾದವರಿಗೆ ಬ್ಯಾಟರಿಗಿಂತ ತುಂಬಿದ ಸಿಲಿಂಡರೇ ನಂಬಿಕೆಯ ಆಸರೆ. 1,500 ಲೀಟರ್ ಅನಿಲ ಹಿಡಿಯುವ ಬಿ ಮಾದರಿಯ ಸಿಲಿಂಡರು ನಿಮಿಷಕ್ಕೆ 2 ಲೀಟರಿನಂತೆ ಹನ್ನೆರಡು ಗಂಟೆ ಬರುತ್ತದೆ. ಹರಿವಿನ ಪ್ರಮಾಣವನ್ನು ವೈದ್ಯರೇ ಹೇಳಬೇಕು. ಹತ್ತಿರ ಒಲೆ, ದೀಪ, ಬೀಡಿ ಕೂಡದು. ಆ ಹನ್ನೆರಡು ಗಂಟೆಯೊಳಗೆ ರೋಗಿಯನ್ನು ಎಲ್ಲಿಗೆ, ಯಾರ ವಾಹನದಲ್ಲಿ ಸಾಗಿಸುವುದೆಂಬುದು ಮೊದಲೇ ನಿಶ್ಚಯವಾಗಿರಬೇಕು.

ಇನ್ಸುಲಿನ್ ಕುರಿತು ಅಷ್ಟು ಗಾಬರಿ ಬೇಡ. ಬಳಕೆಗೆ ತೆರೆದ ಸೀಸೆ 30 ಡಿಗ್ರಿಗಿಂತ ಕೆಳಗೆ ಸಾಮಾನ್ಯವಾಗಿ ನಾಲ್ಕು ವಾರ ಬಾಳುತ್ತದೆ. ಬೇಸಿಗೆಯಲ್ಲಿ ಅದನ್ನು ಮುಚ್ಚಿದ ಡಬ್ಬಿಯಲ್ಲಿಟ್ಟು, ನೀರು ತಾಗದಂತೆ ಮಣ್ಣಿನ ಗಡಿಗೆಯೊಳಗೆ ಇರಿಸಬಹುದು.

ಉಚಿತ ವಿದ್ಯುತ್ತಿನ ಇನ್ನೊಂದು ಮುಖ

2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯ ಗರಿಷ್ಠ ಮಿತಿ ತಿಂಗಳಿಗೆ 200 ಯೂನಿಟ್. 350 ವ್ಯಾಟಿನ ಕಾನ್ಸಂಟ್ರೇಟರ್ ಹಗಲಿರುಳು ನಡೆದರೆ ಅದೊಂದಕ್ಕೇ 30 ದಿನಕ್ಕೆ 252 ಯೂನಿಟ್ ಬೇಕು. ಮಿತಿ ದಾಟಿದರೆ ಪೂರ್ತಿ ಬಿಲ್ಲನ್ನು ಕಟ್ಟಬೇಕು. ಅಂದರೆ ಕರೆಂಟು ಅತ್ಯಂತ ಅಗತ್ಯವಿರುವ ಬಡ ಮನೆಯೇ ಈ ಸವಲತ್ತಿನಿಂದ ಹೊರಗುಳಿಯುತ್ತದೆ. ವೈದ್ಯರ ಪ್ರಮಾಣಪತ್ರದ ಮೇಲೆ ಇಂತಹ ಮನೆಗಳಿಗೆ ವಿನಾಯಿತಿ ನೀಡುವುದು ನ್ಯಾಯ.

2024ರ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ಚಾವಣಿಯ ಸೌರ ಘಟಕಕ್ಕೆ 78,000 ರೂಪಾಯಿವರೆಗೆ ಸಹಾಯಧನವುಂಟು. ಆದರೆ ಗ್ರಿಡ್ಡಿಗೆ ಜೋಡಿಸಿದ ಸಾಮಾನ್ಯ ಘಟಕ, ಲೈನಿನ ಕರೆಂಟು ಹೋದೊಡನೆ ತಾನೂ ನಿಲ್ಲುತ್ತದೆ. ಕಂಬದ ಮೇಲಿರುವ ಲೈನ್‌ಮನ್ ಜೀವ ಉಳಿಸಲೆಂದೇ ಈ ಏರ್ಪಾಡು. ಬ್ಯಾಟರಿಸಹಿತ ಹೈಬ್ರಿಡ್ ಇನ್ವರ್ಟರ್ ಇದ್ದರೆ ಮಾತ್ರ ಕತ್ತಲಲ್ಲಿ ಬೆಳಕು. ಜನರೇಟರನ್ನು ಚೇಂಜ್‌ಓವರ್ ಸ್ವಿಚ್ ಇಲ್ಲದೆ ಮನೆಯ ವೈರಿಂಗಿಗೆ ಕೊಡುವುದೂ ಇದೇ ಕಾರಣಕ್ಕೆ ಅಪಾಯಕಾರಿ. ಅದನ್ನು ಮನೆಯೊಳಗಂತೂ ನಡೆಸಲೇಬಾರದು. ಅದರ ಹೊಗೆ ಕೊಲ್ಲುತ್ತದೆ.

ಬ್ರಿಟನ್ನಿನಲ್ಲಿ ವಿದ್ಯುತ್ ಜಾಲದ ಕಂಪನಿಗಳು ಇಂತಹ ಮನೆಗಳ ಆದ್ಯತಾ ಪಟ್ಟಿ ಇಟ್ಟುಕೊಂಡು, ನಿಲುಗಡೆಗೆ ಮುನ್ನ ತಿಳಿಸುತ್ತವೆ. ನಮ್ಮಲ್ಲಿ ಆಶಾ ಕಾರ್ಯಕರ್ತೆಯರಿಗೆ ಈ ಮನೆಗಳೆಲ್ಲ ಗೊತ್ತು. ಗ್ರಾಮ ಪಂಚಾಯಿತಿ ಅವರಿಂದ ಪಟ್ಟಿ ಪಡೆದು, ಆರ್.ಆರ್. ಸಂಖ್ಯೆಸಹಿತ ಶಾಖಾ ಕಚೇರಿಗೆ ಸಲ್ಲಿಸಬಹುದು. ದೂರಿಗೆ 1912.

ನದಿದಡದವರಿಗೊಂದು ಮಾತು: 2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಜಲಾಶಯದಿಂದ ಬಿಟ್ಟ ನೀರು ಮುನವಳ್ಳಿ, ರಾಮದುರ್ಗಗಳಿಗೆ ನುಗ್ಗಿತ್ತು. ನೀರು ನಿಂತ ಪ್ರದೇಶಕ್ಕೆ ವಿದ್ಯುತ್ತನ್ನು ಸುರಕ್ಷತೆಗಾಗಿ ಕಡಿತಗೊಳಿಸುವುದು ಅನಿವಾರ್ಯ. ಮಲಪ್ರಭೆಯ ಅಂಚಿನ ಮನೆಗಳಲ್ಲಿ ಬ್ಯಾಟರಿಯನ್ನು ಅಂದು ನೀರು ಮುಟ್ಟಿದ ಗುರುತಿಗಿಂತ ಮೇಲೆ ಇಡಬೇಕು.