ಬಿಡಿಭಾಗಗಳ ಚರಿತ್ರೆ, ಕರಾರಿನ ಪಾಠ

ಇವತ್ತು ಪ್ರೋಗ್ರಾಮಿಂಗ್ ಕಲಿಯಲು ಕುಳಿತವರು ಕೆಲವೇ ವಾರಗಳಲ್ಲಿ ಕಾಂಪೊನೆಂಟ್‌ಗಳ ಲೋಕಕ್ಕೆ ಬಂದುಬಿಡುತ್ತಾರೆ. ಒತ್ತುವ ಬಟನ್ ಬೇಕೆ, ದಿನಾಂಕ ಆರಿಸುವ ಕ್ಯಾಲೆಂಡರ್ ಬೇಕೆ, ಊರಿನ ಮ್ಯಾಪ್ ಬೇಕೆ, ಎಲ್ಲಕ್ಕೂ ಯಾರೋ ಬರೆದಿಟ್ಟ ಘಟಕ ಸಿಗುತ್ತದೆ. ತಂದು ಜೋಡಿಸಿದರೆ ಪರದೆಯ ಮೇಲೆ ಕೆಲಸ ಕಾಣಿಸುತ್ತದೆ. 2013ರಲ್ಲಿ ಫೇಸ್‌ಬುಕ್ ಸಂಸ್ಥೆ ತನ್ನ ರಿಯಾಕ್ಟ್ ಲೈಬ್ರರಿಯನ್ನು ಎಲ್ಲರ ಬಳಕೆಗೆ ಬಿಟ್ಟ ಮೇಲೆ ಈ ಬಗೆಯ ಕಲಿಕೆ ಎಷ್ಟು ವ್ಯಾಪಕವಾಯಿತೆಂದರೆ, ಘಟಕಗಳಿಂದ ಸಾಫ್ಟ್‌ವೇರ್ ಕಟ್ಟುವುದು ಈಚಿನ ಪದ್ಧತಿ ಎಂದೇ ಅನೇಕರು ನಂಬಿದ್ದಾರೆ. ವಾಸ್ತವದಲ್ಲಿ ಈ ವಿಚಾರಕ್ಕೆ ಪ್ರೋಗ್ರಾಮಿಂಗ್‌ನಷ್ಟೇ ವಯಸ್ಸಾಗಿದೆ. ಆ ಮುಕ್ಕಾಲು ಶತಮಾನದ ಚರಿತ್ರೆಯನ್ನು ಒಟ್ಟಾಗಿ ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಘಟಕಗಳನ್ನು ತಯಾರಿಸುವುದಕ್ಕಿಂತ, ಜೋಡಿಸುವುದಕ್ಕಿಂತ ಹೆಚ್ಚು ಕಷ್ಟ ಕೊಟ್ಟದ್ದು ಅವುಗಳ ನಡುವಿನ ಕರಾರು. ಘಟಕ ಏನನ್ನು ಬೇಡುತ್ತದೆ, ಏನನ್ನು ಕೊಡುತ್ತದೆ, ಯಾವ ಸಂದರ್ಭದಲ್ಲಿ ಕೈಕೊಡುತ್ತದೆ ಎಂಬುದನ್ನು ಸ್ಪಷ್ಟವಾಗಿ ಬರೆಯುವ ಮತ್ತು ಬರೆದದ್ದನ್ನು ಗೌರವಿಸುವ ಕೆಲಸ ಅದು. ಹೊಸದಾಗಿ ಕಲಿಯುವವರಿಗೆ ಮೊದಲು ಹೇಳಿಕೊಡಬೇಕಾದದ್ದೂ ಅದನ್ನೇ ಎಂಬುದು ನನ್ನ ವಾದ.

ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ಮಾರಿಸ್ ವಿಲ್ಕ್ಸ್ ಮತ್ತು ಅವರ ಸಂಗಡಿಗರು ಕಟ್ಟಿದ ಎಡ್‌ಸ್ಯಾಕ್ ಯಂತ್ರ 1949ರ ಮೇ 6ರಂದು ವರ್ಗಸಂಖ್ಯೆಗಳ ಪಟ್ಟಿಯನ್ನು ಮುದ್ರಿಸಿ ತನ್ನ ಮೊದಲ ಕೆಲಸ ಮುಗಿಸಿತು. ತಪ್ಪಿಲ್ಲದ ಪ್ರೋಗ್ರಾಂ ಬರೆಯುವುದು ತಾವೆಣಿಸಿದಷ್ಟು ಸುಲಭವಲ್ಲ ಎಂಬುದು ಅವರಿಗೆ ಬಹುಬೇಗ ಅರಿವಾಯಿತು. ವರ್ಗಮೂಲ ತೆಗೆಯುವುದು, ಸೈನ್ ಬೆಲೆ ಕಂಡುಹಿಡಿಯುವುದು, ಉತ್ತರ ಮುದ್ರಿಸುವುದು ಪ್ರತಿ ಲೆಕ್ಕದಲ್ಲೂ ಬರುವ ಕೆಲಸಗಳು. ಇವನ್ನು ಒಮ್ಮೆ ಸರಿಯಾಗಿ ಬರೆದು, ತೂತು ಹೊಡೆದ ಕಾಗದದ ಟೇಪಿನಲ್ಲಿ ಇಟ್ಟುಕೊಂಡರೆ ಬೇಕಾದವರು ನಕಲು ಮಾಡಿಕೊಳ್ಳಬಹುದು. ಆಗಿನ್ನೂ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಡೇವಿಡ್ ವೀಲರ್ ಇಂಥ ಸಬ್‌ರೂಟೀನ್‌ಗಳನ್ನು ಪ್ರೋಗ್ರಾಂನ ಯಾವ ಜಾಗದಿಂದ ಕರೆದರೂ ಕೆಲಸ ಮುಗಿಸಿ ಅಲ್ಲಿಗೇ ಮರಳುವ ಉಪಾಯವನ್ನು ರೂಪಿಸಿದರು. 1951ರ ಹೊತ್ತಿಗೆ ಆ ಲೈಬ್ರರಿಯಲ್ಲಿ 87 ಸಬ್‌ರೂಟೀನ್‌ಗಳಿದ್ದವು. ಅದೇ ವರ್ಷ ವಿಲ್ಕ್ಸ್, ವೀಲರ್ ಮತ್ತು ಸ್ಟ್ಯಾನ್ಲಿ ಗಿಲ್ ಸೇರಿ ಬರೆದ ಪುಸ್ತಕ ಪ್ರೋಗ್ರಾಮಿಂಗ್ ಕುರಿತು ಅಚ್ಚಾಗಿ ಮಾರುಕಟ್ಟೆಗೆ ಬಂದ ಮೊದಲ ಪುಸ್ತಕವೆಂದು ಹೆಸರಾಗಿದೆ. ಅದರ ಒಂದು ಇಡೀ ಭಾಗ ಮೀಸಲಾಗಿದ್ದುದು ಸಬ್‌ರೂಟೀನ್‌ಗಳ ವಿವರಣೆಗೆ: ಪ್ರತಿಯೊಂದೂ ಎಷ್ಟು ಜಾಗ ಹಿಡಿಯುತ್ತದೆ, ಎಷ್ಟು ಸಮಯ ತೆಗೆದುಕೊಳ್ಳುತ್ತದೆ, ಕೊಡಬೇಕಾದ ಸಂಖ್ಯೆಯನ್ನು ಎಲ್ಲಿ ಇಡಬೇಕು ಎಂಬ ವಿವರಣೆಗೆ. ಒಳಗಿನ ಕೋಡ್ ಗೊತ್ತಿಲ್ಲದವರೂ ಬಳಸುವಂತೆ ವಿವರಣೆ ಬರೆಯುವುದು ಈ ಕೆಲಸದಲ್ಲೇ ಅತ್ಯಂತ ಕಠಿಣವಾದ ಭಾಗವಾಗಬಹುದು ಎಂದು ವೀಲರ್ 1952ರ ಒಂದು ಚಿಕ್ಕ ಪ್ರಬಂಧದಲ್ಲಿ ಎಚ್ಚರಿಸಿದರು. ಆ ಕಾಲದ ಹೊಸಬರು ಕಲಿತದ್ದೂ ಹೀಗೆಯೇ. 1951ರಲ್ಲಿ ಕೇಂಬ್ರಿಡ್ಜ್‌ನ ಬೇಸಿಗೆ ಶಿಬಿರಕ್ಕೆ ಕಲಿಯಲು ಬಂದವರಲ್ಲಿ ಎಡ್ಸ್‌ಗರ್ ಡೈಕ್‌ಸ್ಟ್ರಾ ಎಂಬ ಡಚ್ ತರುಣನೂ ಇದ್ದ. ಪ್ರೋಗ್ರಾಂ ಸರಿಯಾಗಿದೆಯೆಂದು ತರ್ಕದಿಂದ ತೋರಿಸಬೇಕು ಎಂದು ಮುಂದೆ ಜೀವನವಿಡೀ ವಾದಿಸಿದವರು ಅವರೇ.

ಮುಂದಿನ ದೊಡ್ಡ ಹೆಜ್ಜೆ 1968ರ ಅಕ್ಟೋಬರ್‌ನಲ್ಲಿ ಜರ್ಮನಿಯ ಗಾರ್ಮಿಷ್‌ನಲ್ಲಿ ನಡೆದ ನ್ಯಾಟೋ ಸಮ್ಮೇಳನದ್ದು. ಸಾಫ್ಟ್‌ವೇರ್ ಯೋಜನೆಗಳು ಹೇಳಿದ ಹೊತ್ತಿಗೆ ಮುಗಿಯುತ್ತಿಲ್ಲ, ಮುಗಿದವು ನಂಬುವಂತಿಲ್ಲ ಎಂಬ ಆತಂಕ ಅಲ್ಲಿ ಸೇರಿದ್ದವರನ್ನು ಕಾಡುತ್ತಿತ್ತು. ಬೆಲ್ ಲ್ಯಾಬ್ಸ್‌ನ ಡಗ್ಲಸ್ ಮ್ಯಾಕ್‌ಇಲ್ರಾಯ್ ಅಲ್ಲಿ ಮಂಡಿಸಿದ ಪ್ರಬಂಧ, ಬೇರೆ ಉದ್ಯಮಗಳಂತೆ ಸಾಫ್ಟ್‌ವೇರ್‌ಗೂ ಸಿದ್ಧ ಬಿಡಿಭಾಗಗಳ ಕಾರ್ಖಾನೆ ಬೇಕೆಂದು ಕೇಳಿತು. ನಿಖರತೆ, ವೇಗ, ಹಿಡಿಯುವ ಜಾಗ ಇವುಗಳ ಪ್ರಕಾರ ಒಂದೇ ಕೆಲಸಕ್ಕೆ ಹಲವು ತಳಿಯ ಘಟಕಗಳಿರಬೇಕು, ಬೇಕಾದದ್ದನ್ನು ಕ್ಯಾಟಲಾಗ್ ನೋಡಿ ಆರಿಸುವಂತಾಗಬೇಕು ಎಂಬುದು ಅವರ ಬಯಕೆ. ಅವರು ಬಯಸಿದ ಕಾರ್ಖಾನೆ ಆ ರೂಪದಲ್ಲಿ ಬರಲಿಲ್ಲ. ಅದರ ಬದಲು ಅವರದೇ ಸಂಸ್ಥೆಯಲ್ಲಿ ಇನ್ನೊಂದು ಫಲ ಸಿಕ್ಕಿತು. ಮ್ಯಾಕ್‌ಇಲ್ರಾಯ್ ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ ಕೆನ್ ಥಾಂಪ್ಸನ್ 1973ರಲ್ಲಿ ಅಲ್ಲಿನ ಯುನಿಕ್ಸ್ ಕಾರ್ಯಾಚರಣ ವ್ಯವಸ್ಥೆಗೆ ಪೈಪ್ ಎಂಬ ಏರ್ಪಾಟನ್ನು ಸೇರಿಸಿದರು. ಒಂದು ಪ್ರೋಗ್ರಾಂ ಹೊರಬಿಟ್ಟದ್ದು ಇನ್ನೊಂದರ ಒಳಕ್ಕೆ ನೇರವಾಗಿ ಹರಿಯತೊಡಗಿತು. ಪದ ವಿಂಗಡಿಸುವ, ಸಾಲು ಎಣಿಸುವ, ಹುಡುಕುವ ಚಿಕ್ಕ ಚಿಕ್ಕ ಪ್ರೋಗ್ರಾಂಗಳು ತಮ್ಮನ್ನು ಬರೆದವರು ಊಹಿಸಿರದ ಕೆಲಸಗಳಿಗೂ ಒದಗಿದವು. ಇದು ಸಾಧ್ಯವಾದದ್ದು ಎಲ್ಲ ಪ್ರೋಗ್ರಾಂಗಳೂ ಒಂದೇ ಸರಳ ಕರಾರಿಗೆ ಒಪ್ಪಿದ್ದರಿಂದ: ಸಾಲು ಸಾಲಾಗಿ ಪಠ್ಯವನ್ನು ಪಡೆ, ಸಾಲು ಸಾಲಾಗಿ ಪಠ್ಯವನ್ನು ಕೊಡು. ವಿಸ್ತಾರವಾದ ಕ್ಯಾಟಲಾಗ್ ಸಾಧಿಸದಿದ್ದುದನ್ನು ಒಂದು ಸಾಲಿನ ಕರಾರು ಸಾಧಿಸಿತು.

ಘಟಕದ ಗಡಿ ಎಲ್ಲಿ ಎಳೆಯಬೇಕು ಎಂಬ ಪ್ರಶ್ನೆಗೆ ಉತ್ತರ ಕೊಟ್ಟವರು ಡೇವಿಡ್ ಪಾರ್ನಸ್. 1972ರ ಡಿಸೆಂಬರ್‌ನಲ್ಲಿ ಪ್ರಕಟವಾದ ಅವರ ಲೇಖನ ಪದಸೂಚಿ ತಯಾರಿಸುವ ಒಂದು ಸಣ್ಣ ಪ್ರೋಗ್ರಾಂ ಅನ್ನು ಎರಡು ರೀತಿಯಲ್ಲಿ ಒಡೆದು ತೋರಿಸುತ್ತದೆ. ಮೊದಲನೆಯದು ಎಲ್ಲರಿಗೂ ಸಹಜವಾಗಿ ತೋಚುವ ರೀತಿ: ಓದುವ ಹಂತ, ಜೋಡಿಸುವ ಹಂತ, ಮುದ್ರಿಸುವ ಹಂತ. ಎರಡನೆಯದರಲ್ಲಿ ಮುಂದೆ ಬದಲಾಗಬಹುದಾದ ಒಂದೊಂದು ತೀರ್ಮಾನವನ್ನು ಒಂದೊಂದು ಘಟಕದೊಳಗೆ ಮುಚ್ಚಿಡಲಾಗಿತ್ತು. ಸಾಲುಗಳನ್ನು ಮೆಮೊರಿಯಲ್ಲಿ ಇಡುವ ಕ್ರಮ ಬದಲಾದರೆ ಮೊದಲ ರೀತಿಯಲ್ಲಿ ಎಲ್ಲ ಭಾಗಗಳನ್ನೂ ತಿದ್ದಬೇಕು; ಎರಡನೆಯದರಲ್ಲಿ ಒಂದನ್ನು ತಿದ್ದಿದರೆ ಸಾಕು. ಹೊರಗಿನವರಿಗೆ ತಿಳಿಯಬೇಕಾದದ್ದು ಕರಾರು ಮಾತ್ರ, ಒಳಗಿನ ತೀರ್ಮಾನಗಳು ಅದರ ಒಡೆಯನವು ಎಂಬ ಈ ವಿಚಾರದ ಮೇಲೆಯೇ ಮುಂದಿನ ಘಟಕ ಪದ್ಧತಿಗಳೆಲ್ಲ ನಿಂತಿವೆ.

1991ರಲ್ಲಿ ಮೈಕ್ರೋಸಾಫ್ಟ್ ಹೊರತಂದ ವಿಷುಯಲ್ ಬೇಸಿಕ್ ಈ ವಿದ್ಯೆಯನ್ನು ಹೊಸಬರ ಕೈಗೆ ಕೊಟ್ಟಿತು. ಮೌಸ್‌ನಿಂದ ಎಳೆದು ಪರದೆಯ ಮೇಲಿಟ್ಟರೆ ಕೆಲಸ ಮಾಡುವ ಕಂಟ್ರೋಲ್‌ಗಳು, ಅವನ್ನು ತಯಾರಿಸಿ ಮಾರುವ ಕಂಪನಿಗಳು, ಕಂಪ್ಯೂಟರ್ ವಿಜ್ಞಾನ ಓದದೆಯೂ ಕಚೇರಿಗೆ ಬೇಕಾದ ಪ್ರೋಗ್ರಾಂ ಬರೆದ ಜನ, ಹೀಗೆ ಮ್ಯಾಕ್‌ಇಲ್ರಾಯ್ ಕಂಡ ಮಾರುಕಟ್ಟೆಯ ಒಂದು ರೂಪ ನಿಜವಾಯಿತು. ಇದನ್ನು ಹಗುರವಾಗಿ ಕಾಣುವುದು ತಪ್ಪು. ಪ್ರೋಗ್ರಾಮಿಂಗ್‌ನ ಬಾಗಿಲನ್ನು ಅದು ಅಗಲವಾಗಿ ತೆರೆಯಿತು. ಆದರೆ ಅದರ ಮೊದಲ ತಲೆಮಾರಿನ ಕಂಟ್ರೋಲ್‌ಗಳು 16 ಬಿಟ್ ವಿಂಡೋಸ್‌ಗೆ ಕಟ್ಟುಬಿದ್ದಿದ್ದವು. 32 ಬಿಟ್ ವ್ಯವಸ್ಥೆ ಬಂದಾಗ ಅವು ನಿರುಪಯುಕ್ತವಾಗಿ, ಬೇರೆ ಕರಾರಿನ ಹೊಸ ಕಂಟ್ರೋಲ್‌ಗಳು ಬರಬೇಕಾಯಿತು. ಹಲವು ಪ್ರೋಗ್ರಾಂಗಳು ಹಂಚಿಕೊಂಡಿದ್ದ ಡಿಎಲ್‌ಎಲ್ ಫೈಲಿನ ಮೇಲೆ ಹೊಸದಾಗಿ ಸ್ಥಾಪಿಸಿದ ಪ್ರೋಗ್ರಾಂ ಬೇರೊಂದು ಆವೃತ್ತಿಯನ್ನು ಹೇರಿದಾಗ ಹಳೆಯವು ಇದ್ದಕ್ಕಿದ್ದಂತೆ ನಿಂತುಹೋಗುತ್ತಿದ್ದವು. ಘಟಕದ ಹೆಸರು ಅದೇ ಇತ್ತು. ಕರಾರು ಸದ್ದಿಲ್ಲದೆ ಬದಲಾಗಿತ್ತು.

ಕನ್ನಡಿಗರಿಗೆ ಈ ಸಮಸ್ಯೆಯ ಅನುಭವ ಬೇರೊಂದು ದಾರಿಯಿಂದ ಆಗಿದೆ. ಪ್ರತಿ ಲಿಪಿಯ ಅಕ್ಷರಗಳಿಗೂ ಎಲ್ಲೆಡೆ ಒಂದೇ ಸಂಖ್ಯೆ ಗೊತ್ತುಮಾಡುವ ಯುನಿಕೋಡ್ ಬಳಕೆಗೆ ಬರುವ ಮುಂಚೆ ಕನ್ನಡ ತಂತ್ರಾಂಶಗಳು ತಮ್ಮ ತಮ್ಮ ಫಾಂಟ್‌ಗಳಲ್ಲಿ ಅಕ್ಷರದ ತುಣುಕುಗಳಿಗೆ ತಮ್ಮದೇ ಸಂಖ್ಯೆ ಕೊಡುತ್ತಿದ್ದವು. ಒಂದರಲ್ಲಿ ಟೈಪ್ ಮಾಡಿದ ಲೇಖನ ಇನ್ನೊಂದರಲ್ಲಿ ತೆರೆದರೆ ಗೊಂದಲದ ಗುರುತುಗಳ ರಾಶಿ. ಪ್ರತಿ ತಂತ್ರಾಂಶವೂ ತನ್ನ ಮಟ್ಟಿಗೆ ಚೆನ್ನಾಗಿತ್ತು, ಕೊರತೆ ಇದ್ದದ್ದು ಅವುಗಳ ನಡುವೆ. 1991ರ ಯುನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ಸಿಕ್ಕರೂ, ಒತ್ತಕ್ಷರ ಜೋಡಿಸಿ ತೋರಿಸುವ ಘಟಕಗಳು ಬಲಿತು ಬಳಕೆಗೆ ಬರಲು ವರ್ಷಗಳು ಹಿಡಿದವು. ‘ಸೂರ್ಯ’ ಎಂಬ ಪದದಲ್ಲಿ ಯಂತ್ರ ರಕಾರವನ್ನು ಯಕಾರಕ್ಕಿಂತ ಮೊದಲು ಉಳಿಸಿಕೊಳ್ಳುತ್ತದೆ, ತೆರೆಯ ಮೇಲೆ ಅರ್ಕಾವತ್ತು ಯಕಾರದ ಬಲಕ್ಕೆ ಬರಬೇಕು. ಈ ಕೆಲಸ ಮಾಡುವ ಹಾರ್ಫ್‌ಬಜ್ ಎಂಬ ಮುಕ್ತ ಲೈಬ್ರರಿ ಇಂದು ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್‌ಗಳಲ್ಲಿ ಇದೆ. ಸಂಖ್ಯೆಗಳ ಕರಾರು ಒಂದಾದ ಮೇಲೆ, ಒಂದು ಘಟಕ ಇಷ್ಟೆಲ್ಲ ಕಡೆ ಕನ್ನಡವನ್ನು ಸರಿಯಾಗಿ ತೋರಿಸಬಲ್ಲದ್ದಾಯಿತು. ಹಳೆಯ ಫಾಂಟ್‌ಗಳಲ್ಲಿ ಉಳಿದ ಬರಹವನ್ನು ಯುನಿಕೋಡ್‌ಗೆ ಪರಿವರ್ತಿಸುವ ಕೆಲಸ ಮಾತ್ರ ಇನ್ನೂ ಮುಗಿದಿಲ್ಲ. ಕರಾರಿಲ್ಲದೆ ಕಳೆದ ವರ್ಷಗಳಿಗೆ ನಾವು ತೆರುತ್ತಿರುವ ಬಡ್ಡಿ ಅದು.

ಬರೆಯದೆ ಬಿಟ್ಟ ಕರಾರು ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ ಏರಿಯಾನ್ 5 ರಾಕೆಟ್ಟಿನ ಮೊದಲ ಹಾರಾಟ ಸಾಕ್ಷಿ. 1996ರ ಜೂನ್ 4ರಂದು ಮೇಲೆದ್ದ ಆ ರಾಕೆಟ್ ಒಂದು ನಿಮಿಷವೂ ತುಂಬುವ ಮೊದಲೇ, ಹೊತ್ತಿದ್ದ ನಾಲ್ಕು ಕ್ಲಸ್ಟರ್ ಉಪಗ್ರಹಗಳ ಸಮೇತ ನಾಶವಾಯಿತು. ದಿಕ್ಕು ಹೇಳುವ ಉಪಕರಣದ ಸಾಫ್ಟ್‌ವೇರ್ ಏರಿಯಾನ್ 4ರಿಂದ ಬಂದದ್ದು. ಅಲ್ಲಿ ಅದು ಸರಿಯಾಗಿಯೇ ನಡೆದಿತ್ತು. ಅಡ್ಡವೇಗಕ್ಕೆ ಸಂಬಂಧಿಸಿದ ಒಂದು ಬೆಲೆಯನ್ನು 64 ಬಿಟ್‌ನಿಂದ 16 ಬಿಟ್‌ಗೆ ಇಳಿಸುವಾಗ ಅದು ಮಿತಿ ಮೀರದು ಎಂಬ ಎಣಿಕೆ ಹಳೆಯ ರಾಕೆಟ್ಟಿನ ಪಥಕ್ಕೆ ನಿಜವಾಗಿತ್ತು, ಹೊಸದಕ್ಕೆ ಅಲ್ಲ. ಬದಲಿಯಾಗಿ ಇಟ್ಟಿದ್ದ ಎರಡನೆಯ ಉಪಕರಣದಲ್ಲೂ ಅದೇ ಸಾಫ್ಟ್‌ವೇರ್ ಇದ್ದುದರಿಂದ ಅದೂ ಅದೇ ರೀತಿ ಸೋತಿತು. ಮರುವರ್ಷ ಜಾನ್-ಮಾರ್ಕ್ ಜೆಝೆಕೆಲ್ ಮತ್ತು ಬರ್ಟ್ರಾಂಡ್ ಮೇಯರ್ ಬರೆದ ಲೇಖನದ ತೀರ್ಪು ಖಚಿತವಾಗಿತ್ತು: ಕರಾರು ಬರೆಯದ ಘಟಕವನ್ನು ಮರುಬಳಸುವುದು ಅವಿವೇಕ. ಕರಾರು ಇದೆಯೆಂಬುದೇ ಕಣ್ಣಿಗೆ ಬೀಳದ ಅವಲಂಬನೆಯೂ ದುಬಾರಿಯೇ. 2016ರ ಮಾರ್ಚ್‌ನಲ್ಲಿ, ಪದದ ಎಡಕ್ಕೆ ಖಾಲಿ ಜಾಗ ತುಂಬುವ ಲೆಫ್ಟ್-ಪ್ಯಾಡ್ ಎಂಬ 11 ಸಾಲಿನ ಪ್ಯಾಕೇಜನ್ನು ಅದರ ಕರ್ತೃ ಜಾವಾಸ್ಕ್ರಿಪ್ಟ್ ಭಾಷೆಯ ಪ್ಯಾಕೇಜ್‌ಗಳ ಎನ್‌ಪಿಎಂ ಭಂಡಾರದಿಂದ ಹಿಂತೆಗೆದುಕೊಂಡಾಗ, ಅದನ್ನು ನೆಚ್ಚಿದ್ದ ಅಸಂಖ್ಯ ಯೋಜನೆಗಳು ತಡವರಿಸಿದವು. ಆ ಯೋಜನೆಗಳನ್ನು ನಡೆಸುತ್ತಿದ್ದ ಬಹುಪಾಲು ಜನರಿಗೆ ತಾವು ಅದನ್ನು ಬಳಸುತ್ತಿದ್ದೇವೆ ಎಂಬುದೇ ತಿಳಿದಿರಲಿಲ್ಲ. ತಾವು ತಂದ ಘಟಕದೊಳಗಿನ ಘಟಕದೊಳಗೆ ಅದು ಕುಳಿತಿತ್ತು.

ಹಾಗಾಗಿ ಹೊಸಬರು ತಾವು ತರುವ ಘಟಕದ ಒಳಗನ್ನೂ ನೋಡಬೇಕು ಎಂದಾಗ ಒಂದು ಗಟ್ಟಿಯಾದ ಆಕ್ಷೇಪ ಏಳುತ್ತದೆ. ಒಳಗನ್ನು ಮುಚ್ಚಿಡಬೇಕು ಎಂಬುದೇ ಪಾರ್ನಸ್ ಹೇಳಿದ ತತ್ತ್ವವಾದರೆ, ಘಟಕದ ಒಳಗೆ ಇಣುಕಿ ನೋಡಿ ಎಂದು ಹೊಸಬರಿಗೆ ಹೇಳುವುದು ಅದಕ್ಕೆ ವಿರುದ್ಧವಲ್ಲವೆ? ಅಲ್ಲ. ಪಾರ್ನಸ್ ತಡೆಯಬಯಸಿದ್ದು ಒಳಗಿನ ವಿವರವನ್ನು ನೆಚ್ಚಿಕೊಂಡು ಹೊರಗಿನ ಕೋಡ್ ಬರೆಯುವುದನ್ನು. ತಿಳಿದುಕೊಳ್ಳುವುದು ಬೇರೆ, ಅವಲಂಬಿಸುವುದು ಬೇರೆ. ಏನನ್ನು ಮುಚ್ಚಿಡಬೇಕೆಂದು ತೀರ್ಮಾನಿಸಲು ಒಮ್ಮೆಯಾದರೂ ಒಂದು ಘಟಕವನ್ನು ತಾನೇ ಕಟ್ಟಿರಬೇಕು. ಕೊಡುವ ಕಡೆ ಒಮ್ಮೆ, ಪಡೆಯುವ ಕಡೆ ಒಮ್ಮೆ ನಿಂತವರಿಗೇ ಕರಾರಿನ ಬೆಲೆ ತಿಳಿಯುವುದು. ಇನ್ನೊಂದು ಆಕ್ಷೇಪ ಬೆಂಗಳೂರಿನಂಥ ಊರುಗಳಲ್ಲಿ ದಿನವೂ ಕೇಳುವಂಥದ್ದು: ಕಂಪನಿಗಳಿಗೆ ಬೇಗ ಜೋಡಿಸಬಲ್ಲವರು ಬೇಕು, ಕೆಲಸ ಹುಡುಕುವವರಿಗೆ ಚರಿತ್ರೆ ಓದುವ ಪುರುಸೊತ್ತಿಲ್ಲ. ಈ ಮಾತಿನ ಹಿಂದಿನ ಒತ್ತಡ ನಿಜವಾದದ್ದು, ಅದನ್ನು ಅಲ್ಲಗಳೆಯಲಾಗದು. ಆದರೆ ವಿಷುಯಲ್ ಬೇಸಿಕ್‌ನ ಕಂಟ್ರೋಲ್‌ಗಳ ಹೆಸರನ್ನಷ್ಟೇ ಕಲಿತವರ ವಿದ್ಯೆ ಆ ಕಂಟ್ರೋಲ್‌ಗಳೊಂದಿಗೇ ಹಳತಾಯಿತು. ರಿಯಾಕ್ಟ್‌ಗೂ ಆ ದಿನ ಬರುತ್ತದೆ. ಅಲ್ಲಿ ಮೇಲಿನ ಘಟಕ ಕೆಳಗಿನದಕ್ಕೆ ಪ್ರಾಪ್ಸ್ ಎಂಬ ಮಾಹಿತಿ ಕೊಡುತ್ತದೆ, ಕೆಳಗಿನದು ಅದನ್ನು ಓದಬಹುದೇ ಹೊರತು ತಿದ್ದಬಾರದು. ಇದನ್ನು ಬರಿಯ ನಿಯಮವಾಗಿ ಬಾಯಿಪಾಠ ಮಾಡಿದವರಿಗೆ ಮುಂದಿನ ಲೈಬ್ರರಿ ಮತ್ತೆ ಅಆಇಈ. ಇದನ್ನು ಕರಾರಾಗಿ ಅರಿತವರಿಗೆ ಅದು ಪರಿಚಿತ ವಿಷಯದ ಹೊಸ ಬರವಣಿಗೆ.

ಹಾಗಾದರೆ ಹೊಸಬರು ಮೊದಲು ಮಾಡಬೇಕಾದದ್ದೇನು? ಯಾವುದಾದರೂ ಒಂದು ಪುಟ್ಟ ಘಟಕವನ್ನು ಪೂರ್ತಿಯಾಗಿ ಬರೆಯುವುದು, ಅದಕ್ಕೂ ಮೊದಲು ಅದರ ಕರಾರನ್ನು ಸರಳ ಕನ್ನಡದಲ್ಲಿ ಬರೆಯುವುದು. ಒಂದು ಕನ್ನಡ ಪದದಲ್ಲಿ ಎಷ್ಟು ಅಕ್ಷರಗಳಿವೆ ಎಂದು ಹೇಳುವ ಘಟಕವನ್ನೇ ತೆಗೆದುಕೊಳ್ಳಬಹುದು. ‘ಸೂರ್ಯ’ ಪದದ ಉದ್ದವನ್ನು ಜಾವಾಸ್ಕ್ರಿಪ್ಟ್‌ಗೆ ಕೇಳಿದರೆ 5 ಎನ್ನುತ್ತದೆ: ಸಕಾರ, ದೀರ್ಘ ಊಕಾರದ ಚಿಹ್ನೆ, ರಕಾರ, ಹಲಂತದ ಚಿಹ್ನೆ, ಯಕಾರ. ಓದುವವರಿಗೆ ಅಲ್ಲಿರುವುದು ಎರಡೇ ಅಕ್ಷರ. ಎರಡೂ ಉತ್ತರಗಳು ಸರಿ, ಕೇಳಿದ ಪ್ರಶ್ನೆಗಳು ಬೇರೆ. ಅಕ್ಷರವೆಂದರೆ ಇಲ್ಲಿ ಏನರ್ಥ, ಪದದ ನಡುವೆ ಇಂಗ್ಲಿಷ್ ಅಕ್ಷರ ಬಂದರೆ ಏನಾಗಬೇಕು, ಖಾಲಿ ಪದ ಕೊಟ್ಟರೆ ಉತ್ತರವೇನು ಎಂಬುದನ್ನೆಲ್ಲ ಕೋಡ್ ಬರೆಯುವ ಮೊದಲೇ ತೀರ್ಮಾನಿಸಬೇಕಾಗುತ್ತದೆ. ಆಮೇಲೆ ಆ ಬರಹವನ್ನಷ್ಟೇ ಸಹಪಾಠಿಗೆ ಕೊಟ್ಟು, ಕೋಡ್ ತೋರಿಸದೆ ಬಳಸಲು ಹೇಳಬೇಕು. ಸಹಪಾಠಿ ಎಲ್ಲಿ ಎಡವುತ್ತಾರೋ ಅಲ್ಲಿ ಕರಾರು ಅಪೂರ್ಣವಾಗಿದೆ. ಒಂದೆರಡು ತರಗತಿಗಳಲ್ಲಿ ಮುಗಿಯುವ ಈ ಅಭ್ಯಾಸ ವೀಲರ್, ಪಾರ್ನಸ್, ಏರಿಯಾನ್ ಕೊಟ್ಟ ಮೂರೂ ಪಾಠಗಳನ್ನು ಒಟ್ಟಿಗೆ ಕಲಿಸುತ್ತದೆ.

ಸಿದ್ಧ ಘಟಕಗಳನ್ನು ದೂರವಿಡಿ ಎಂಬುದು ಇದರ ಅರ್ಥವಲ್ಲ. ಅವುಗಳಿಲ್ಲದೆ ಇಂದಿನ ಯಾವ ಸಾಫ್ಟ್‌ವೇರೂ ನಿಲ್ಲದು, ಒತ್ತಕ್ಷರ ಮೂಡಿಸುವ ಘಟಕವಿಲ್ಲದೆ ತೆರೆಯ ಮೇಲೆ ಕನ್ನಡವೂ ನಿಲ್ಲದು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ, ತರಬೇತಿ ಕೇಂದ್ರಗಳ ಅಧ್ಯಾಪಕರಲ್ಲಿ ಕೇಳಿಕೊಳ್ಳುವುದು ಇಷ್ಟೇ: ವಿದ್ಯಾರ್ಥಿಗಳು ಎಷ್ಟು ಘಟಕ ಜೋಡಿಸಿದರು ಎಂದು ಅಂಕ ಕೊಡುವ ಮೊದಲು, ಅವರು ಬರೆದ ಒಂದು ಘಟಕದ ವಿವರಣೆಯನ್ನು ಓದಿ ಅಂಕ ಕೊಡಿ. ಕಲಿಯುವವರಿಗೂ ಇದೇ ಮಾತು. ಹೊಸ ಪ್ಯಾಕೇಜ್ ತರುವ ಮುನ್ನ ಅದು ಏನನ್ನು ಬೇಡುತ್ತದೆ, ಏನನ್ನು ಕೊಡುತ್ತದೆ, ಎಲ್ಲಿ ಸೋಲುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಿ. ಉತ್ತರ ಸಿಗದಿದ್ದರೆ ಅದನ್ನು ತರಬೇಡಿ.